ದೋಣಿಯ ಬ್ಯಾಟರಿ: ಟ್ಯೂಬ್ಯುಲರ್, ಎಜಿಎಂ, ಲಿಥಿಯಂ ಮೂರನ್ನೂ ಚಾರ್ಜ್ ಮಾಡಿ ಬಳಸಿದ ಮೇಲಿನ ಹೋಲಿಕೆ

ಹೊನ್ನಾವರದ ಬಳಿ ಶರಾವತಿ ಸಮುದ್ರ ಸೇರುವ ಅಳಿವೆಯಲ್ಲಿ, ಕಾಂಡ್ಲಾ ಗಿಡಗಳ ನಡುವಿನ ಕಿರುಗಾಲುವೆಗಳೊಳಗೆ ದೋಣಿ ಒಯ್ಯುವವರಿಗೆ ಪೆಟ್ರೋಲ್ ಎಂಜಿನ್ನಿನ ಸದ್ದೇ ದೊಡ್ಡ ಅಡ್ಡಿ. ಎಂಜಿನ್ ಚಾಲೂ ಆದ ಕೂಡಲೇ ಮಿಂಚುಳ್ಳಿಗಳೂ ಬೆಳ್ಳಕ್ಕಿಗಳೂ ಎದ್ದುಹೋಗುತ್ತವೆ. ಹೀಗಾಗಿ ನನ್ನ ಫೈಬರ್ ದೋಣಿಯಲ್ಲಿ ಔಟ್‌ಬೋರ್ಡ್ ಎಂಜಿನ್ನಿನ ಜೊತೆಗೆ 12 ವೋಲ್ಟಿನ ಒಂದು ವಿದ್ಯುತ್ ಮೋಟರನ್ನೂ ಇಟ್ಟುಕೊಂಡಿದ್ದೇನೆ. 55 ಪೌಂಡ್ ನೂಕುಬಲದ ಈ ಮೋಟರ್ ಪೂರ್ತಿ ವೇಗದಲ್ಲಿ ಸುಮಾರು 50 ಆಂಪಿಯರ್ ಎಳೆಯುತ್ತದೆ. ಕಾಲುವೆಯೊಳಗೆ ನಿಧಾನವಾಗಿ ಸಾಗುವಾಗ 15ರಿಂದ 20 ಆಂಪಿಯರ್ ಸಾಕಾಗುತ್ತದೆ. ಕಾರಿನ ಬ್ಯಾಟರಿ ಈ ಕೆಲಸಕ್ಕೆ ಬಾರದು. ಅದರ ತೆಳುವಾದ ಪ್ಲೇಟುಗಳು ಕೆಲವೇ ಸೆಕೆಂಡುಗಳ ಕಾಲ ಹೆಚ್ಚು ಕರೆಂಟ್ ಕೊಟ್ಟು ಎಂಜಿನ್ ತಿರುಗಿಸುವುದಕ್ಕಾಗಿ ಮಾಡಿದವು. ಗಂಟೆಗಟ್ಟಲೆ ಕರೆಂಟ್ ಕೊಟ್ಟು, ಅರ್ಧದಷ್ಟು ಖಾಲಿಯಾಗಿ, ಮತ್ತೆ ತುಂಬಿಕೊಳ್ಳುವ ಕೆಲಸಕ್ಕೆ ಡೀಪ್ ಸೈಕಲ್ ಬ್ಯಾಟರಿಯೇ ಬೇಕು.

ಈ ಒಂದೇ ದೋಣಿಯಲ್ಲಿ, ಒಂದೇ ಮೋಟರಿಗೆ, 100 ಆಂಪಿಯರ್ ಅವರ್ ಎಂದು ಬರೆದಿರುವ ಮೂರು ಬಗೆಯ ಬ್ಯಾಟರಿಗಳನ್ನು ಒಂದಾದ ಮೇಲೊಂದರಂತೆ ಬಳಸಿದ್ದೇನೆ: ನೀರು ಹಾಕುವ ಟ್ಯೂಬ್ಯುಲರ್ ಸೀಸದ ಬ್ಯಾಟರಿ, ಆ್ಯಸಿಡನ್ನು ಗಾಜಿನ ನಾರಿನ ಪದರದಲ್ಲಿ ಹೀರಿಸಿಟ್ಟ, ಮುಚ್ಚಳ ತೆಗೆಯಲಾಗದ ಎಜಿಎಂ ಎಂಬ ಸೀಸದ ಬ್ಯಾಟರಿ, ಮತ್ತು ಲಿಥಿಯಂ ಐರನ್ ಫಾಸ್ಫೇಟ್. ಅಂಗಡಿಯಲ್ಲಿ ಇವುಗಳ ಹೋಲಿಕೆ ನಡೆಯುವುದು ಬೆಲೆ ಮತ್ತು ವಾರಂಟಿಯ ಲೆಕ್ಕದಲ್ಲಿ. ಬಳಸಿದ ಮೇಲೆ ನನಗೆ ಖಚಿತವಾಗಿರುವುದು ಬೇರೆ: ಬ್ಯಾಟರಿಯ ಆಯಸ್ಸು ನಿರ್ಧಾರವಾಗುವುದು ದಡಕ್ಕೆ ಬಂದ ಮೇಲೆ ಅದು ಎಷ್ಟು ಬೇಗ ಮತ್ತು ಎಷ್ಟು ಪೂರ್ಣವಾಗಿ ಚಾರ್ಜ್ ಆಗುತ್ತದೆ ಎಂಬುದರಿಂದ. ಆದ್ದರಿಂದ ಮೊದಲು ನಮ್ಮಲ್ಲಿರುವ ಚಾರ್ಜಿಂಗ್ ಅನುಕೂಲವನ್ನು ನೋಡಿಕೊಂಡು, ಅದಕ್ಕೆ ಒಗ್ಗುವ ಬ್ಯಾಟರಿಯನ್ನು ಆಮೇಲೆ ಆರಿಸಬೇಕು.

ನೀರಿನ ಮೇಲಿನ ವ್ಯತ್ಯಾಸವನ್ನು ಮೊದಲು ಹೇಳಿಬಿಡುತ್ತೇನೆ. ಸೀಸದ ಬ್ಯಾಟರಿ ಬಹುಕಾಲ ಬಾಳಬೇಕಾದರೆ ಅರ್ಧಕ್ಕಿಂತ ಹೆಚ್ಚು ಖಾಲಿ ಮಾಡಬಾರದು. ಮೇಲಾಗಿ, ಅದರ ಮೇಲೆ ಬರೆದಿರುವ 100 ಆಂಪಿಯರ್ ಅವರ್ ಎಂಬುದು ಸಾಮಾನ್ಯವಾಗಿ 20 ಗಂಟೆಗಳಲ್ಲಿ, ಅಂದರೆ ಒಂದೇ ಸಮನೆ 5 ಆಂಪಿಯರಿನಂತೆ ಎಳೆದಾಗ ಸಿಗುವ ಲೆಕ್ಕ. ಹೆಚ್ಚು ಕರೆಂಟ್ ಎಳೆದಷ್ಟೂ ಒಟ್ಟು ಸಿಗುವುದು ಕಡಿಮೆಯಾಗುತ್ತದೆ. ಪ್ಯೂಕರ್ಟ್ ಎಂಬ ಜರ್ಮನ್ ವಿಜ್ಞಾನಿ 1897ರಲ್ಲೇ ಇದನ್ನು ಸೂತ್ರವಾಗಿ ಬರೆದಿಟ್ಟಿದ್ದಾರೆ. ನನ್ನ ಬಳಕೆಯಲ್ಲಿ ಟ್ಯೂಬ್ಯುಲರ್ ಮತ್ತು ಎಜಿಎಂ ಎರಡೂ ಎರಡೂವರೆ ಗಂಟೆಯ ಆಸುಪಾಸಿನಲ್ಲಿ ಅರ್ಧಕ್ಕಿಳಿಯುತ್ತಿದ್ದವು. ಲಿಥಿಯಂ ಬ್ಯಾಟರಿಯನ್ನು 80ರಿಂದ 90 ಪ್ರತಿಶತದವರೆಗೆ ಬಳಸಬಹುದು. ಅದೇ ವೇಗದಲ್ಲಿ ನಾಲ್ಕು ಗಂಟೆಗೂ ಮೀರಿ ದೋಣಿ ಸಾಗುತ್ತದೆ. ತೂಕದಲ್ಲಿಯೂ ಹಾಗೆಯೇ. ಎಜಿಎಂ ಸುಮಾರು 30 ಕಿಲೋ, ಟ್ಯೂಬ್ಯುಲರ್ ಅದಕ್ಕಿಂತಲೂ ಭಾರ, ಲಿಥಿಯಂ 12 ಕಿಲೋ ಅಷ್ಟೇ. ಇಳಿತದ ಹೊತ್ತಿನಲ್ಲಿ ಕೆಸರು ತುಳಿದುಕೊಂಡು ಬ್ಯಾಟರಿ ಹೊತ್ತು ಮನೆಗೆ ಒಯ್ಯಬೇಕಾದವರಿಗೆ ಈ ಅಂತರ ಚಿಕ್ಕದಲ್ಲ.

ಒಂದು ವಿಷಯದಲ್ಲಿ ಮಾತ್ರ ಲಿಥಿಯಂ ಎಚ್ಚರ ಬೇಡುತ್ತದೆ. ಸೀಸದ ಬ್ಯಾಟರಿ ಸೋಲುವ ಮುನ್ನ ಮೋಟರಿನ ವೇಗ ತಗ್ಗುತ್ತಾ ಹೋಗಿ ನಮಗೆ ಸೂಚನೆ ಸಿಗುತ್ತದೆ. ಲಿಥಿಯಂ ಕೊನೆಯವರೆಗೂ 13 ವೋಲ್ಟಿನ ಸುತ್ತಮುತ್ತಲೇ ನಿಂತು, ಖಾಲಿಯಾದ ಕ್ಷಣದಲ್ಲಿ ಒಳಗಿರುವ ಬಿಎಂಎಸ್ ಎಂಬ ರಕ್ಷಣಾ ಮಂಡಲ ಒಮ್ಮೆಲೇ ಕರೆಂಟ್ ಕಡಿಯುತ್ತದೆ. ಇಳಿತದ ಸೆಳೆತ ಅಳಿವೆಯ ಬಾಯಿಯ ಕಡೆಗೆ ಎಳೆಯುತ್ತಿರುವಾಗ ಹೀಗಾಗುವುದು ಅಪಾಯ. ಇದರ ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಎಂದು ತಿಳಿಯಲಾಗದ ಕಾರಣ, ಒಳಹೋಗುವ ಮತ್ತು ಹೊರಹೋಗುವ ಆಂಪಿಯರುಗಳನ್ನು ಎಣಿಸುವ ಶಂಟ್ ಮೀಟರನ್ನು ಬ್ಯಾಟರಿಯ ಜೊತೆಗೇ ಕೊಳ್ಳಬೇಕು. ಹುಟ್ಟು ದೋಣಿಯಲ್ಲಿ ಇರಲೇಬೇಕು ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನು ಚಾರ್ಜಿಂಗ್ ವಿಚಾರ. ಸೀಸದ ಬ್ಯಾಟರಿ ಮೂರು ಹಂತಗಳಲ್ಲಿ ತುಂಬುತ್ತದೆ. ಮೊದಲ ಹಂತದಲ್ಲಿ ಚಾರ್ಜರ್ ತನ್ನ ಪೂರ್ತಿ ಕರೆಂಟ್ ಕೊಡುತ್ತದೆ. ವೋಲ್ಟೇಜ್ ಮೆಲ್ಲನೆ ಏರಿ 14.4ರ ಸುಮಾರಿಗೆ ಬರುವಷ್ಟರಲ್ಲಿ ಬ್ಯಾಟರಿ ಸುಮಾರು 80 ಪ್ರತಿಶತ ತುಂಬಿರುತ್ತದೆ. ಎರಡನೆಯ ಹಂತದಲ್ಲಿ ವೋಲ್ಟೇಜ್ ಅಲ್ಲಿಯೇ ನಿಂತು ಕರೆಂಟ್ ತಾನಾಗಿ ಇಳಿಯುತ್ತಾ ಹೋಗುತ್ತದೆ. ಮೂರನೆಯದು 13.5 ವೋಲ್ಟಿನ ಆಸುಪಾಸಿನಲ್ಲಿ ಬ್ಯಾಟರಿಯನ್ನು ತುಂಬಿದ ಸ್ಥಿತಿಯಲ್ಲಿ ಉಳಿಸಿಕೊಳ್ಳುವ ಹಂತ. ನಮ್ಮ ಕಡೆಯ ತೊಂದರೆಯೆಲ್ಲ ಇರುವುದು ಎರಡನೆಯ ಹಂತದಲ್ಲಿ. ಅರ್ಧ ಖಾಲಿಯಾದ ಬ್ಯಾಟರಿಗೆ 10 ಆಂಪಿಯರ್ ಚಾರ್ಜರ್ ಹಾಕಿದರೆ ಮೊದಲ ಹಂತ ಮೂರು ನಾಲ್ಕು ಗಂಟೆಗಳಲ್ಲಿ ಮುಗಿಯುತ್ತದೆ, ಆದರೆ ಉಳಿದ 20 ಪ್ರತಿಶತಕ್ಕೆ ಮತ್ತೆ ಅಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ಗಂಟೆ ಬೇಕು. ಚಾರ್ಜರನ್ನು ದೊಡ್ಡದು ಮಾಡಿದರೂ ಈ ಕೊನೆಯ ಭಾಗದ ವೇಗ ಹೆಚ್ಚಾಗದು, ಏಕೆಂದರೆ ಎಷ್ಟು ಕರೆಂಟ್ ಬೇಕೆಂದು ಅಲ್ಲಿ ತೀರ್ಮಾನಿಸುವುದು ಪ್ಲೇಟಿನೊಳಗಿನ ರಸಾಯನವೇ ಹೊರತು ಚಾರ್ಜರಲ್ಲ.

ಸಂಜೆ ಮರಳಿ ಬಂದು, ರಾತ್ರಿ ಚಾರ್ಜಿಗೆ ಹಾಕಿ, ಬೆಳಗ್ಗೆ ಮತ್ತೆ ಹೊರಡುವ ದೋಣಿಗೆ ನಡುರಾತ್ರಿ ಎರಡು ಗಂಟೆ ಕರೆಂಟ್ ಹೋದರೆ ತಪ್ಪಿಹೋಗುವುದು ಈ ಕೊನೆಯ ಭಾಗವೇ. ಒಂದು ದಿನ ತಪ್ಪಿದರೆ ಏನೂ ಆಗದು. ವಾರಗಟ್ಟಲೆ 85 ಪ್ರತಿಶತದಲ್ಲಿಯೇ ನಿಲ್ಲಿಸಿ ಬಳಸಿದರೆ, ಪ್ಲೇಟುಗಳ ಮೇಲಿನ ಮೃದುವಾದ ಸೀಸದ ಸಲ್ಫೇಟ್ ಗಟ್ಟಿ ಹರಳಾಗಿ ಕೂತು ಮರಳಿ ಕರಗದಂತಾಗುತ್ತದೆ. ನನ್ನ ಎಜಿಎಂ ಬ್ಯಾಟರಿಯ ಬಲ ಕುಂದಿದ್ದು ಹೀಗೆಯೇ. ಹೊರನೋಟಕ್ಕೆ ಯಾವ ಕೊರತೆಯೂ ಕಾಣಲಿಲ್ಲ, ವೋಲ್ಟೇಜ್ ಕೂಡ ಸರಿಯಾಗಿಯೇ ಇತ್ತು. ಓಡುವ ಹೊತ್ತು ಮಾತ್ರ ತಿಂಗಳಿಂದ ತಿಂಗಳಿಗೆ ಕಡಿಮೆಯಾಗುತ್ತಾ ಬಂತು.

ಇಲ್ಲಿ ಟ್ಯೂಬ್ಯುಲರಿಗೆ ಒಂದು ದೊಡ್ಡ ಅನುಕೂಲವಿದೆ: ಅದರ ಒಳಗನ್ನು ನೋಡಬಹುದು. ಹೈಡ್ರೋಮೀಟರ್ ಇಳಿಸಿ ಆರೂ ಸೆಲ್ಲುಗಳ ಆ್ಯಸಿಡ್ ಸಾಂದ್ರತೆಯನ್ನು ಅಳೆದರೆ ಯಾವ ಸೆಲ್ ಹಿಂದುಳಿದಿದೆ ಎಂಬುದು ತಕ್ಷಣ ತಿಳಿಯುತ್ತದೆ. ಬಿಸಿ ಪ್ರದೇಶಕ್ಕೆಂದು ತಯಾರಾಗುವ ನಮ್ಮ ಟ್ಯೂಬ್ಯುಲರ್ ಬ್ಯಾಟರಿಗಳಲ್ಲಿ ಪೂರ್ತಿ ತುಂಬಿದಾಗಿನ ಸಾಂದ್ರತೆ ಸಾಮಾನ್ಯವಾಗಿ 1.240ರ ಸುಮಾರಿಗಿರುತ್ತದೆ. ಹೊರದೇಶಗಳ ಕೈಪಿಡಿಗಳಲ್ಲಿ ಕಾಣುವ 1.265 ಅಥವಾ 1.280 ಎಂಬ ಅಂಕಿಯನ್ನು ಹಿಡಿದುಕೊಂಡು, ಬ್ಯಾಟರಿ ತುಂಬಿಲ್ಲವೆಂದು ತಿಳಿದು ಅತಿಯಾಗಿ ಚಾರ್ಜ್ ಮಾಡಬಾರದು. ಇದೇ ಕಾರಣಕ್ಕೆ, ಚಾರ್ಜ್ ಮುಗಿದು ಕೆಲವು ಗಂಟೆ ಬಿಟ್ಟ ಮೇಲೆ ಈ ಬ್ಯಾಟರಿ 12.5 ವೋಲ್ಟ್ ತೋರಿಸಿದರೆ ಅದು ತುಂಬಿದ ಲಕ್ಷಣವೇ. ಎಜಿಎಂ ಆದರೆ 12.8ರ ಸುಮಾರು ತೋರಿಸಬೇಕು.

ಸೆಲ್ಲುಗಳ ನಡುವೆ ಏರುಪೇರು ಕಂಡಾಗ ಟ್ಯೂಬ್ಯುಲರಿಗೆ ಈಕ್ವಲೈಸ್ ಚಾರ್ಜ್ ಕೊಡಬಹುದು. ಪೂರ್ತಿ ತುಂಬಿದ ಬ್ಯಾಟರಿಗೆ ಕಡಿಮೆ ಕರೆಂಟಿನಲ್ಲಿ 15.5 ವೋಲ್ಟಿನ ಸುಮಾರಿಗೆ ಕೆಲವು ಗಂಟೆ ಚಾರ್ಜ್ ಕೊಟ್ಟು, ಗಂಟೆಗೊಮ್ಮೆ ಸಾಂದ್ರತೆ ಅಳೆದು, ಅದು ಮುಂದೆ ಏರದೆ ನಿಂತಾಗ ನಿಲ್ಲಿಸುವುದು ಕ್ರಮ. ತಯಾರಕರು ತಮ್ಮ ಬ್ಯಾಟರಿಗೆ ಹೇಳಿರುವ ವೋಲ್ಟೇಜನ್ನೇ ಪಾಲಿಸಬೇಕು, ಮತ್ತು ಆ ಹೊತ್ತಿನಲ್ಲಿ ಮೀನು ಶೋಧಕ, ಜಿಪಿಎಸ್ ಮುಂತಾದ ಯಾವುದೂ ಬ್ಯಾಟರಿಗೆ ಜೋಡಣೆಯಾಗಿರಬಾರದು. ಹಿಂದುಳಿದಿದ್ದ ಒಂದು ಸೆಲ್ ನನ್ನಲ್ಲಿ ಹೀಗೆ ಮರಳಿ ಉಳಿದವುಗಳ ಸಮಕ್ಕೆ ಬಂದಿದೆ. ಎಜಿಎಂಗೆ ಈ ಚಿಕಿತ್ಸೆ ಸಾಮಾನ್ಯವಾಗಿ ನಿಷಿದ್ಧ, ಏಕೆಂದರೆ ಹೆಚ್ಚು ವೋಲ್ಟೇಜಿನಲ್ಲಿ ಹೊರಟುಹೋಗುವ ನೀರಿನಂಶವನ್ನು ಮತ್ತೆ ತುಂಬಲು ಅದರಲ್ಲಿ ದಾರಿಯೇ ಇಲ್ಲ. ‘ಮೇಂಟೆನೆನ್ಸ್ ಫ್ರೀ’ ಎಂದು ಮಾರುವ ಬ್ಯಾಟರಿಗಳ ಬಗ್ಗೆ ನನ್ನ ದೊಡ್ಡ ಆಕ್ಷೇಪ ಇದೇ. ಅಲ್ಲಿ ನಿರ್ವಹಣೆಯ ಶ್ರಮ ತಪ್ಪುವುದು ನಿಜ, ಆದರೆ ಕೆಟ್ಟಾಗ ಸರಿಪಡಿಸುವ ಅವಕಾಶವೂ ತಪ್ಪುತ್ತದೆ.

ಟ್ಯೂಬ್ಯುಲರಿನ ಶ್ರಮವನ್ನೂ ಮುಚ್ಚಿಡಬಾರದು. ಬಟ್ಟಿ ಇಳಿಸಿದ ನೀರನ್ನೇ ಹಾಕಬೇಕು. ಬಾವಿಯ ನೀರು, ಬಿಸಿ ಮಾಡಿ ಆರಿಸಿದ ನೀರು ಯಾವುದೂ ಆಗದು. ಕರಾವಳಿಯ ಬಾವಿಗಳಲ್ಲಿ ಉಪ್ಪಿನಂಶ ಇದ್ದೇ ಇರುತ್ತದೆ. ನೀರನ್ನು ಚಾರ್ಜ್ ಮುಗಿದ ಮೇಲೆ ತುಂಬಬೇಕು, ಏಕೆಂದರೆ ಚಾರ್ಜ್ ಆಗುವಾಗ ದ್ರವ ಹಿಗ್ಗಿ ಮೇಲೇರುತ್ತದೆ. ಪ್ಲೇಟುಗಳು ತೆರೆದು ಕಾಣುತ್ತಿದ್ದರೆ ಮಾತ್ರ ಅವು ಮುಳುಗುವಷ್ಟು ನೀರನ್ನು ಮೊದಲೇ ಹಾಕಬೇಕು. ಆ್ಯಸಿಡ್ ಎಂದೂ ಸೇರಿಸಬಾರದು. ಚಾರ್ಜ್ ಮಾಡುವಾಗ ಹೊರಡುವ ಹೈಡ್ರೋಜನ್ ಗಾಳಿಯಲ್ಲಿ 4 ಪ್ರತಿಶತ ಸೇರಿದರೆ ಕಿಡಿ ತಾಗಿ ಸ್ಫೋಟಿಸಬಲ್ಲದು, ಆದ್ದರಿಂದ ಮುಚ್ಚಿದ ಪೆಟ್ಟಿಗೆಯಲ್ಲಾಗಲಿ ದೋಣಿಯ ಹಲಗೆಯ ಕೆಳಗಾಗಲಿ ಚಾರ್ಜ್ ಮಾಡಕೂಡದು. ಇನ್ವರ್ಟರಿಗೆಂದು ಮಾಡಿದ ಎತ್ತರದ ಟ್ಯೂಬ್ಯುಲರ್ ದೋಣಿ ಓಲಾಡುವಾಗ ಮಗುಚುವ, ಆ್ಯಸಿಡ್ ಚೆಲ್ಲುವ ಭಯವೂ ಇದೆ. ಎಲ್ಲಕ್ಕಿಂತ ಗಂಭೀರವಾದದ್ದು, ಉಪ್ಪುನೀರು ಈ ಆ್ಯಸಿಡಿನೊಳಗೆ ಸೇರಿದರೆ ವಿಷಕಾರಿಯಾದ ಕ್ಲೋರಿನ್ ಹೊರಡುತ್ತದೆ. ಅಲೆ ಎರಚುವ ತೆರೆದ ದೋಣಿಯಲ್ಲಿ, ಮುಚ್ಚಳವಿರುವ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಪಟ್ಟಿ ಕಟ್ಟಿ ಕೂರಿಸದೆ ಇದನ್ನು ಒಯ್ಯಲೇಬಾರದು. ಈ ಒಂದು ಕಾರಣಕ್ಕೆ ಸಮುದ್ರಕ್ಕೆ ಇಳಿಯುವವರು ಎಜಿಎಂ ಆರಿಸಿಕೊಂಡರೆ ನಾನು ಬೇಡವೆನ್ನುವುದಿಲ್ಲ.

ಲಿಥಿಯಂ ಈ ವಿಚಾರದಲ್ಲಿ ಬೇರೆಯೇ ಸ್ವಭಾವದ್ದು. ಅರ್ಧ ತುಂಬಿದ ಸ್ಥಿತಿಯಲ್ಲಿ ಬಿಟ್ಟರೂ ಅದಕ್ಕೆ ಹಾನಿಯಿಲ್ಲ. 10 ಆಂಪಿಯರ್ ಚಾರ್ಜರ್ ಹೆಚ್ಚುಕಡಿಮೆ ಕೊನೆಯವರೆಗೂ 10 ಆಂಪಿಯರನ್ನೇ ಕೊಡುತ್ತದೆ, ಮತ್ತು ಕೊಟ್ಟದ್ದರಲ್ಲಿ 95 ಪ್ರತಿಶತಕ್ಕೂ ಹೆಚ್ಚು ಭಾಗ ಮರಳಿ ಬಳಕೆಗೆ ಸಿಗುತ್ತದೆ. ರಾತ್ರಿ ಕರೆಂಟ್ ಕೈಕೊಟ್ಟರೆ ಬೆಳಗ್ಗೆ ಪ್ರಯಾಣದ ದೂರ ತುಸು ಕಡಿಮೆಯಾಗಬಹುದು, ಬ್ಯಾಟರಿಯ ಆಯಸ್ಸು ಕಡಿಮೆಯಾಗುವುದಿಲ್ಲ. ನನ್ನ ಮಟ್ಟಿಗೆ ಲಿಥಿಯಂನ ನಿಜವಾದ ಮೌಲ್ಯ ಇದು. ತೂಕ, ಓಡುವ ಹೊತ್ತು ಎಲ್ಲವೂ ಇದರ ನಂತರ. ಅದಕ್ಕೆ ತಕ್ಕ ಚಾರ್ಜರ್ ಮಾತ್ರ ಬೇಕೇ ಬೇಕು. 14.2ರಿಂದ 14.6 ವೋಲ್ಟಿನಲ್ಲಿ ನಿಲ್ಲುವ ಚಾರ್ಜರ್ ಸರಿ. ಈಕ್ವಲೈಸ್ ಹಂತ ತಾನಾಗಿ ಶುರುವಾಗುವ ಸೀಸದ ಚಾರ್ಜರ್ ಸಲ್ಲದು. ಆಗಾಗ ಒಮ್ಮೆ ಪೂರ್ತಿ ತುಂಬಿಸಿದರೆ ಬಿಎಂಎಸ್ ನಾಲ್ಕು ಸೆಲ್ಲುಗಳನ್ನೂ ಸಮಸ್ಥಿತಿಗೆ ತಂದುಕೊಳ್ಳುತ್ತದೆ.

ಚಾರ್ಜರುಗಳ ನಡುವೆಯೂ ಹೋಲಿಕೆ ಮಾಡಿದ್ದೇನೆ. ಹಳೆಯ ಟ್ರಾನ್ಸ್‌ಫಾರ್ಮರ್ ಚಾರ್ಜರಿಗೆ ನಿಲ್ಲಿಸುವ ಬುದ್ಧಿಯಿಲ್ಲ. ಟ್ಯೂಬ್ಯುಲರ್ ಜೊತೆ, ಪಕ್ಕದಲ್ಲಿ ಮೀಟರ್ ಹಿಡಿದು ಕೂರುವವರಿಗೆ ಮಾತ್ರ ಅದು ಸರಿ. ಎಜಿಎಂ ಅಥವಾ ಲಿಥಿಯಂಗೆ ಮುಟ್ಟಿಸಲೂಬಾರದು. ಮೂರು ಹಂತದ ಸ್ವಯಂಚಾಲಿತ ಚಾರ್ಜರ್ ಕೊಳ್ಳುವಾಗ ನೋಡಬೇಕಾದ್ದು ಉಷ್ಣತೆ ಅಳೆಯುವ ತಂತಿ ಇದೆಯೇ ಎಂಬುದನ್ನು. 14.4 ವೋಲ್ಟ್ ಎಂಬುದು 25 ಡಿಗ್ರಿಯ ಲೆಕ್ಕ. ನಮ್ಮ ಏಪ್ರಿಲ್, ಮೇ ತಿಂಗಳ 35 ಡಿಗ್ರಿಯಲ್ಲಿ ಸೀಸದ ಬ್ಯಾಟರಿಗೆ ಸುಮಾರು 0.2 ವೋಲ್ಟ್ ಕಡಿಮೆ ಕೊಡಬೇಕು, ಇಲ್ಲವಾದರೆ ಟ್ಯೂಬ್ಯುಲರಿನ ನೀರು ಬೇಗ ಇಂಗುತ್ತದೆ, ಎಜಿಎಂ ಒಳಗೇ ಒಣಗುತ್ತದೆ. ಲಿಥಿಯಂಗೆ ಈ ತಿದ್ದುಪಡಿ ಬೇಕಿಲ್ಲ, ಆದರೆ ಬಿಸಿಲಿನಲ್ಲಿ ಕಾದ ಪೆಟ್ಟಿಗೆಯೊಳಗಿಟ್ಟು ಅದನ್ನೂ ಚಾರ್ಜ್ ಮಾಡಬಾರದು.

ಸೌರಫಲಕದಿಂದ ಚಾರ್ಜ್ ಮಾಡುವುದಾದರೆ, 100 ವ್ಯಾಟಿನ ಫಲಕ ಒಳ್ಳೆಯ ಬಿಸಿಲಿನ ದಿನದಲ್ಲಿ ಸುಮಾರು 30 ಆಂಪಿಯರ್ ಅವರ್ ತುಂಬಿಕೊಡುತ್ತದೆ. ಫಲಕಕ್ಕೂ ಬ್ಯಾಟರಿಗೂ ನಡುವೆ ಚಾರ್ಜನ್ನು ನಿಯಂತ್ರಿಸುವ ಕಂಟ್ರೋಲರುಗಳಲ್ಲಿ ಎಂಪಿಪಿಟಿ ಬಗೆಯದು ಪಿಡಬ್ಲ್ಯುಎಂ ಬಗೆಯದಕ್ಕಿಂತ ಹೆಚ್ಚು ತುಂಬಿಸುವುದು ನಿಜ; ಆದರೂ ತೆಂಗಿನ ಗರಿಯ ನೆರಳು ಫಲಕದ ಒಂದು ಮೂಲೆಗೆ ಬಿದ್ದರೂ ಉತ್ಪಾದನೆ ತೀರಾ ಕುಸಿಯುವುದರಿಂದ, ಮೊದಲು ಫಲಕದ ಜಾಗ ಸರಿಮಾಡಿ ಆಮೇಲೆ ಕಂಟ್ರೋಲರಿನ ಬಗ್ಗೆ ಯೋಚಿಸಬೇಕು. ಔಟ್‌ಬೋರ್ಡ್ ಎಂಜಿನ್ನಿನಿಂದ ಚಾರ್ಜ್ ಮಾಡಿಕೊಳ್ಳುವ ಆಸೆಯನ್ನು ನಾನು ಬಿಟ್ಟಿದ್ದೇನೆ. ಸಣ್ಣ ಎಂಜಿನ್ನುಗಳು ಕೊಡುವ ಕರೆಂಟ್ ಅಲ್ಪ, ಅದೂ ವೇಗವಾಗಿ ಓಡುವಾಗ ಮಾತ್ರ. ಹಲವು ಎಂಜಿನ್ನುಗಳಲ್ಲಿ ವೋಲ್ಟೇಜ್ ನಿಯಂತ್ರಣವೂ ಇರುವುದಿಲ್ಲ. ಲಿಥಿಯಂ ಜೋಡಿಸಿ, ಓಟದ ನಡುವೆ ಬಿಎಂಎಸ್ ಕಡಿದುಕೊಂಡರೆ ಎಂಜಿನ್ನಿನ ಎಸಿ ಕರೆಂಟನ್ನು ಡಿಸಿಗೆ ಬದಲಿಸುವ ರೆಕ್ಟಿಫೈಯರ್ ಸುಡುವ ಸಂಭವವಿದೆ. ನಡುವೆ ಡಿಸಿ-ಡಿಸಿ ಚಾರ್ಜರ್ ಇಟ್ಟರೆ ಮಾತ್ರ ಅದು ಸುರಕ್ಷಿತ.

ಮಳೆಗಾಲದ ಸಂಗ್ರಹಣೆಗೆ ವಿಶೇಷ ಗಮನ ಬೇಕು. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಸಾವಿರಾರು ಬ್ಯಾಟರಿಗಳು ಎರಡು ತಿಂಗಳು ಸುಮ್ಮನೆ ಕೂರುತ್ತವೆ. ನನ್ನ ದೋಣಿಯೂ ಆ ತಿಂಗಳುಗಳಲ್ಲಿ ದಡದ ಮೇಲಿರುತ್ತದೆ. ಟ್ಯೂಬ್ಯುಲರ್ ತಾನಾಗಿಯೇ ಬೇಗ ಇಳಿಯುತ್ತದೆ, ಎಜಿಎಂ ನಿಧಾನವಾಗಿ ಇಳಿಯುತ್ತದೆ. ಎರಡನ್ನೂ ಪೂರ್ತಿ ತುಂಬಿಸಿ, ತಂತಿ ಬಿಚ್ಚಿ, ಒಣ ಜಾಗದಲ್ಲಿಟ್ಟು, ತಿಂಗಳಿಗೊಮ್ಮೆ ಮತ್ತೆ ತುಂಬಿಸಬೇಕು. ಸಿಮೆಂಟ್ ನೆಲದ ಮೇಲಿಟ್ಟರೆ ಬ್ಯಾಟರಿ ಇಳಿಯುತ್ತದೆ ಎಂಬ ಮಾತು ಇಂದಿನ ಪ್ಲಾಸ್ಟಿಕ್ ಕವಚದ ಬ್ಯಾಟರಿಗಳಿಗೆ ಅನ್ವಯಿಸುವುದಿಲ್ಲ. ಮೇಲ್ಮೈಯಲ್ಲಿ ಕೂತ ಉಪ್ಪು ಮತ್ತು ತೇವ ನಿಜವಾಗಿಯೂ ಕರೆಂಟ್ ಸೋರಿಸುತ್ತವೆ. ಮಲ್ಟಿಮೀಟರಿನ ಒಂದು ಕಡ್ಡಿಯನ್ನು ಟರ್ಮಿನಲ್ಲಿಗೂ ಇನ್ನೊಂದನ್ನು ಕವಚದ ಮೇಲ್ಭಾಗಕ್ಕೂ ತಾಗಿಸಿದರೆ ಆ ಸೋರಿಕೆಯನ್ನು ಕಣ್ಣಾರೆ ನೋಡಬಹುದು. ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ, ಅದು ಸೆಲ್ಲಿನೊಳಗೆ ಇಳಿಯದಂತೆ ಒರೆಸಿ, ಒಣಗಿಸಿ, ಟರ್ಮಿನಲ್ಲುಗಳಿಗೆ ಪೆಟ್ರೋಲಿಯಂ ಜೆಲ್ಲಿ ಸವರಬೇಕು. ಲಿಥಿಯಂಗೆ ಇದರ ತದ್ವಿರುದ್ಧ ಕ್ರಮ: ಅರ್ಧದಷ್ಟು ತುಂಬಿದ ಸ್ಥಿತಿಯಲ್ಲಿ ತಂತಿ ಬಿಚ್ಚಿ ಇಟ್ಟರೆ ಆಗಸ್ಟ್ ಬರುವವರೆಗೆ ಮುಟ್ಟಬೇಕಾಗಿಲ್ಲ. ನೂರು ಪ್ರತಿಶತ ತುಂಬಿಸಿ ಚಾರ್ಜರಿನಲ್ಲಿಯೇ ಬಿಡುವುದು ಅದಕ್ಕೆ ಒಳ್ಳೆಯದಲ್ಲ.

ಬೆಲೆಯಲ್ಲಿ, ನಾನು ಲಿಥಿಯಂಗೆ ಟ್ಯೂಬ್ಯುಲರಿನ ಎರಡೂವರೆ ಪಟ್ಟಿಗೂ ಹೆಚ್ಚು ಕೊಟ್ಟಿದ್ದೇನೆ. ಎಜಿಎಂ ಇವೆರಡರ ನಡುವೆ ಇತ್ತು. ಹಳೆಯ ಸೀಸದ ಬ್ಯಾಟರಿಯನ್ನು ಅಂಗಡಿಯವರು ತೂಕಕ್ಕೆ ಹಣ ಕೊಟ್ಟು ಮರಳಿ ಪಡೆಯುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ದಿನನಿತ್ಯ ಮೋಟರ್ ಓಡಿಸುವವರಿಗೆ, ಕರೆಂಟಿನ ಭರವಸೆ ಇಲ್ಲದ ಊರಿನವರಿಗೆ ನಾನು ಲಿಥಿಯಂ ಹೇಳುತ್ತೇನೆ. ರಾತ್ರಿಯ ದೀಪ, ಜಿಪಿಎಸ್, ಮೀನು ಶೋಧಕಗಳಷ್ಟೇ ಇರುವ, ಮನೆಯಲ್ಲಿ ಇಡೀ ರಾತ್ರಿ ಚಾರ್ಜ್ ಮಾಡಲು ಸಾಧ್ಯವಿರುವ ದೋಣಿಗೆ ಟ್ಯೂಬ್ಯುಲರ್ ಮತ್ತು ಒಂದು ಒಳ್ಳೆಯ ಮೂರು ಹಂತದ ಚಾರ್ಜರ್ ಸಾಕು, ನೀರು ನೋಡುವ ಶಿಸ್ತು ಇದ್ದರೆ. ಎಜಿಎಂ ಅನ್ನು ಎಂಜಿನ್ ಸ್ಟಾರ್ಟ್ ಮಾಡುವ ಕೆಲಸಕ್ಕೆ ಇಟ್ಟುಕೊಳ್ಳುವುದು ಉತ್ತಮ. ಅಲ್ಲಿ ಅದು ಹೆಚ್ಚು ಖಾಲಿಯಾಗದು, ಓಲಾಟಕ್ಕೂ ಹೆದರದು. ನನ್ನ ದೋಣಿಯಲ್ಲಿ ಈಗ ಮೋಟರಿಗೆ ಲಿಥಿಯಂ, ಸ್ಟಾರ್ಟಿಂಗಿಗೆ ಸಣ್ಣ ಎಜಿಎಂ ಇವೆ. ಎರಡಕ್ಕೂ ತವರ ಲೇಪಿಸಿದ ತಾಮ್ರದ ತಂತಿ, ಪಾಸಿಟಿವ್ ಟರ್ಮಿನಲ್ಲಿಗೆ ಆದಷ್ಟು ಹತ್ತಿರದಲ್ಲಿ ಫ್ಯೂಸ್, ಮತ್ತು ಪ್ರತ್ಯೇಕ ಚಾರ್ಜರ್ ಇಟ್ಟಿದ್ದೇನೆ. ಒಂದರ ಚಾರ್ಜರಿನ ಪಿನ್ ಇನ್ನೊಂದಕ್ಕೆ ಕೂರದಂತೆ ಬೇರೆ ಬೇರೆ ಅಳತೆಯ ಸಾಕೆಟ್ಟುಗಳನ್ನೇ ಹಾಕಿಸಿದ್ದೇನೆ.