ಎ4 ಹಾಳೆಯಷ್ಟೇ ಇರುವ ಮೈಕೆಲೆಂಜೆಲೊ: ಮೆಟ್ ಮ್ಯೂಸಿಯಂನ ಉಚಿತ ರೇಖಾಚಿತ್ರ ಸಂಗ್ರಹ, ಕಲಿಯುವವರ ಕಣ್ಣಲ್ಲಿ

ಲಿಬಿಯನ್ ಸಿಬಿಲ್ ಎಂಬ, ಭವಿಷ್ಯ ನುಡಿಯುವ ಪುರಾಣದ ಹೆಣ್ಣಿನ ಚಿತ್ರಕ್ಕಾಗಿ ಮೈಕೆಲೆಂಜೆಲೊ 1510–11ರ ಹೊತ್ತಿಗೆ ಕೆಂಪು ಚಾಕ್‌ನಲ್ಲಿ ಬರೆದ ಅಭ್ಯಾಸದ ಹಾಳೆಯ ಅಳತೆ 28.9 × 21.4 ಸೆಂ.ಮೀ. ನಮ್ಮ ಎ4 ಹಾಳೆ 29.7 × 21. ವ್ಯಾಟಿಕನ್‌ನ ಸಿಸ್ಟೀನ್ ಚಾಪೆಲ್‌ನ ಛಾವಣಿಯಲ್ಲಿ ದೈತ್ಯಾಕಾರವಾಗಿ ಕಾಣುವ ಆ ತಿರುಚಿದ ಬೆನ್ನನ್ನು ಅವನು ಮೊದಲು ಕಂಡುಕೊಂಡದ್ದು ಜೆರಾಕ್ಸ್ ಅಂಗಡಿಯ ಹಾಳೆಯಷ್ಟು ಜಾಗದಲ್ಲಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ (ಮೆಟ್) 1924ರಲ್ಲಿ ಕೊಂಡ ಈ ಹಾಳೆಯ ಚಿತ್ರ ಈಗ ಅದರ ಜಾಲತಾಣದಲ್ಲಿ ಉಚಿತ. ಮನುಷ್ಯಾಕೃತಿ ಕಲಿಯುವವರಿಗೆ ಈ ಸಂಗ್ರಹ ಎಷ್ಟರ ಮಟ್ಟಿಗೆ ಗುರುವಾಗಬಲ್ಲದು ಎಂಬುದೇ ಇಲ್ಲಿನ ಪ್ರಶ್ನೆ.

2017ರ ಫೆಬ್ರವರಿಯಲ್ಲಿ ಮೆಟ್ ತನ್ನ 3,75,000ಕ್ಕೂ ಹೆಚ್ಚು ಚಿತ್ರಗಳನ್ನು ಸಿಸಿ ಝೀರೋ, ಅಂದರೆ ಯಾರು ಹೇಗೆ ಬೇಕಾದರೂ ಬಳಸಬಹುದಾದ ಪರವಾನಗಿಯಲ್ಲಿ ಬಿಟ್ಟುಕೊಟ್ಟಿತು. ಖಾತೆ ತೆರೆಯಬೇಕಿಲ್ಲ, ದುಡ್ಡಿಲ್ಲ, ಅನುಮತಿ ಪತ್ರವೂ ಬೇಡ. ಡ್ರಾಯಿಂಗ್ ಕ್ಲಾಸ್ ನಡೆಸುವವರು ಪ್ರಿಂಟ್ ಹಾಕಿಸಿ ಮಕ್ಕಳಿಗೆ ಹಂಚಿದರೂ, ಅಭ್ಯಾಸದ ಪುಸ್ತಕ ಮಾಡಿ ಮಾರಿದರೂ ತಕರಾರಿಲ್ಲ. ಆದರೆ ನಮ್ಮ ದೃಷ್ಟಿಯಲ್ಲಿ ಇದರ ನಿಜವಾದ ಬೆಲೆ ಇರುವುದು ಚಿತ್ರದ ಕೆಳಗಿನ ಎರಡು ಸಾಲಿನಲ್ಲಿ: ಯಾವ ಸಾಮಗ್ರಿ, ಎಷ್ಟು ಅಳತೆ. ಪಿಂಟರೆಸ್ಟ್‌ನಲ್ಲಿ ಸಿಗುವ ಅದೇ ಚಿತ್ರಕ್ಕೆ ಸಾಮಾನ್ಯವಾಗಿ ಈ ಎರಡೂ ಇರುವುದಿಲ್ಲ. ಅಳತೆ ಗೊತ್ತಿಲ್ಲದೆ ಫೋನ್ ನೋಡಿಕೊಂಡು ನಕಲು ಮಾಡುವವರು ಬೆರಳು ಆಡಿಸಿ ಎಳೆದ ಗೆರೆಯನ್ನು ಮೊಣಕೈಯಿಂದ, ಮೊಣಕೈ ಬೀಸಿ ಎಳೆದ ಗೆರೆಯನ್ನು ಬೆರಳಿನಿಂದ ಎಳೆಯುತ್ತಾರೆ. ಮೂಲದ ಗೆರೆ ಎಷ್ಟು ಉದ್ದವೋ ಅಷ್ಟೇ ಉದ್ದ ಎಳೆದಾಗ ಮಾತ್ರ, ಆ ಗೆರೆ ಮಣಿಕಟ್ಟಿನ ಯಾವ ತಿರುವಿನಿಂದ ಬಂತೆಂದು ಕೈಗೆ ತಿಳಿಯುತ್ತದೆ.

ಹುಡುಕುವ ವ್ಯವಸ್ಥೆ ಅಷ್ಟು ಚೆನ್ನಾಗಿಲ್ಲ. ಮೈಕೆಲೆಂಜೆಲೊ ಎಂದು ಟೈಪ್ ಮಾಡಿದರೆ ಅವನ ಕೆಲಸಗಳ ಜೊತೆಗೆ ಅವನ ಚಿತ್ರ ನೋಡಿ ಬೇರೆಯವರು ಮಾಡಿದ ಮುದ್ರಣಗಳು, ಶಿಷ್ಯರ ನಕಲುಗಳು ಎಲ್ಲ ರಾಶಿಯಾಗಿ ಬೀಳುತ್ತವೆ. ಡ್ರಾಯಿಂಗ್ಸ್ ಮತ್ತು ಓಪನ್ ಆಕ್ಸೆಸ್ ಎರಡನ್ನೂ ಆಯ್ದುಕೊಂಡು ಸೋಸಬೇಕು. ಹೆಸರಿಗೆ ಮೊದಲು 'ಆಫ್ಟರ್' ಎಂದಿದ್ದರೆ ಅದು ಆ ಕಲಾವಿದನ ಕೃತಿ ನೋಡಿ ಬೇರೆಯವರು ಮಾಡಿದ್ದು. 'ಅಟ್ರಿಬ್ಯೂಟೆಡ್ ಟು' ಎಂದರೆ ಅವನದೇ ಇರಬಹುದೆಂಬ ಅಂದಾಜು. ಕಲಿಯಲು ಕೂತವರು ಮೊದಮೊದಲು ಈ ಎರಡನ್ನೂ ಬಿಡುವುದು ಒಳ್ಳೆಯದು, ಏಕೆಂದರೆ ನಕಲಿನ ನಕಲಿನಲ್ಲಿ ಗೆರೆಯ ಕಾರಣವೇ ಕಳೆದುಹೋಗಿರುತ್ತದೆ. ಎಲ್ಲಕ್ಕಿಂತ ಸುಲಭದ ದಾರಿ ಸಂಗ್ರಹ ಸಂಖ್ಯೆ ಹಾಕುವುದು: ಸಿಬಿಲ್ ಹಾಳೆಯದು 24.197.2. ಪುಟ ತೆರೆದ ಮೇಲೆ ಚಿಕ್ಕ ಚಿತ್ರಗಳ ಸಾಲನ್ನೂ ನೋಡಿ. ಈ ಹಾಳೆಯ ಹಿಂಬದಿಯಲ್ಲಿ ಕಪ್ಪು ಚಾಕ್‌ನ ಇನ್ನೊಂದು ಆಕೃತಿ ಇದೆ. ತುಂಬ ಜನ ಅದನ್ನು ನೋಡುವುದೇ ಇಲ್ಲ.

ಪ್ರಿಂಟ್ ಹಾಕಿಸುವಲ್ಲೇ ಅರ್ಧ ಜನ ಎಡವುತ್ತಾರೆ. 28.9 ಸೆಂ.ಮೀ. ಉದ್ದಕ್ಕೆ 300 ಡಿಪಿಐ (ಇಂಚಿಗೆ 300 ಚುಕ್ಕಿ) ಬೇಕಾದರೆ ಚಿತ್ರದ ಉದ್ದದ ಬದಿಯಲ್ಲಿ ಸುಮಾರು 3,400 ಪಿಕ್ಸೆಲ್ ಇರಬೇಕು. ಆದ್ದರಿಂದ ಪರದೆಯ ಸ್ಕ್ರೀನ್‌ಶಾಟ್ ಬೇಡ, ಡೌನ್‌ಲೋಡ್ ಗುಂಡಿಯಿಂದಲೇ ಇಳಿಸಿಕೊಳ್ಳಿ. ಎ4ನಲ್ಲಿ ಪ್ರಿಂಟರ್ ಅಂಚು ಬಿಡುವುದರಿಂದ ಚಿತ್ರ ಕುಗ್ಗುತ್ತದೆ. ಎ3 ಹಾಳೆ ಹಾಕಿಸಿ, 'ಫಿಟ್ ಟು ಪೇಜ್' ತೆಗೆಸಿ, ಚಿತ್ರದ ಅಳತೆಯನ್ನು ಸೆಂಟಿಮೀಟರ್‌ನಲ್ಲೇ ಕೊಡಿ. ಫೋಟೊದಲ್ಲಿ ಹಾಳೆಯ ಸುತ್ತ ಹಿನ್ನೆಲೆ ಸ್ವಲ್ಪ ಸೇರಿದ್ದರೆ ಅದನ್ನು ಮೊದಲು ಕತ್ತರಿಸಬೇಕು, ಇಲ್ಲವಾದರೆ 28.9 ಎಂಬುದು ಹಿನ್ನೆಲೆಯ ಅಳತೆಯಾಗಿಬಿಡುತ್ತದೆ. ಅಂಗಡಿಯಿಂದ ಹೊರಡುವ ಮುಂಚೆ ಸ್ಕೇಲ್ ಇಟ್ಟು ನೋಡಿ. ಗ್ಲಾಸಿ ಕಾಗದ ಬೇಡ. ಹೊಳಪಿನಲ್ಲಿ ತೆಳು ಗೆರೆಗಳು ಮಾಯವಾಗುತ್ತವೆ. ಲೇಸರ್ ಪ್ರಿಂಟರ್ ಕೆಂಪು ಚಾಕನ್ನು ಇಟ್ಟಿಗೆ ಬಣ್ಣಕ್ಕೋ ಗುಲಾಬಿಗೋ ತಿರುಗಿಸುವುದುಂಟು. ಹಾಗಾದರೆ ಪ್ರಿಂಟನ್ನು ಅಳತೆಗೆ ಇಟ್ಟುಕೊಳ್ಳಿ, ಛಾಯೆಯ ಹದಕ್ಕೆ ಪರದೆಯನ್ನು ನೋಡಿ.

ಕೆಂಪು ಚಾಕ್ ಎಂದರೆ ಕಬ್ಬಿಣದ ಆಕ್ಸೈಡ್ ಇರುವ ಜೇಡಿಯ ತುಂಡು, ನಮ್ಮ ಕಾವಿಕಲ್ಲಿನ ಬಳಗದ್ದು. ಈಗ ಅದರ ಜಾಗಕ್ಕೆ ಸ್ಯಾಂಗ್ವಿನ್ (ಕೆಂಗಂದು ಬಣ್ಣದ) ಪೆನ್ಸಿಲ್ ಅಥವಾ ಕಾಂಟೆ ಎಂಬ ಗಟ್ಟಿ ಚಾಕ್ ಕಡ್ಡಿ ತಗೊಳ್ಳಬಹುದು. ಕ್ರೆಟಾಕಲರ್ ಕಂಪನಿಯಲ್ಲಿ ಸ್ಯಾಂಗ್ವಿನ್ ಆಯಿಲ್, ಸ್ಯಾಂಗ್ವಿನ್ ಡ್ರೈ ಎಂದು ಎರಡು ಬಗೆ ಸಿಗುತ್ತವೆ. ಫೇಬರ್-ಕ್ಯಾಸಲ್ ಪಿಟ್‌ನಲ್ಲೂ ಎಣ್ಣೆಯದು ಬೇರೆ, ಪೇಸ್ಟಲ್‌ನದು ಬೇರೆ. ಎಣ್ಣೆಯದು ಮೊನೆ ಚೆನ್ನಾಗಿ ಹಿಡಿಯುತ್ತದೆ, ಆದರೆ ರಬ್ಬರಿಗೆ ಬಗ್ಗುವುದಿಲ್ಲ. ಪೇಸ್ಟಲ್ ಪೆನ್ಸಿಲ್ ಸುಲಭವಾಗಿ ಅಳಿಯುತ್ತದೆ, ಆದರೆ ಮೊನೆ ಬೇಗ ಮೊಂಡಾಗಿ, ಹಾಲು ಬೆರೆಸಿದಂತಹ ಮಬ್ಬು ಬರುತ್ತದೆ. ಮೊದಲ ಐದಾರು ನಕಲಿಗೆ ಡ್ರೈ ಬಗೆಯದೇ ಸರಿ. ಶಾರ್ಪನರ್‌ಗೆ ಕೊಟ್ಟರೆ ಒಳಗೇ ಮುರಿಯುತ್ತದೆ. ಬ್ಲೇಡಿನಿಂದ ಒಂದೂವರೆ ಸೆಂ.ಮೀ. ಮೊನೆ ತೆಗೆದು ಸ್ಯಾಂಡ್‌ಪೇಪರ್ ಮೇಲೆ ಉಜ್ಜಿ. ಕಾಗದ 130–150 ಜಿಎಸ್‌ಎಂ, ಕೆನೆ ಬಣ್ಣದ, ಸ್ವಲ್ಪ ತರಿ ಇರುವ ಕಾರ್ಟ್ರಿಜ್. ನುಣುಪಾದ ಪ್ರಿಂಟರ್ ಹಾಳೆಯ ಮೇಲೆ ಎರಡನೇ ಪದರ ಕೂರುವುದಿಲ್ಲ.

ಈಗ ಹಾಳೆಗೆ ಬರೋಣ. ಸಿಬಿಲ್ ಹೆಣ್ಣು, ಮೈಕೆಲೆಂಜೆಲೊ ಕೂರಿಸಿಕೊಂಡು ಬರೆದದ್ದು ಹುಡುಗನೊಬ್ಬನನ್ನು. ನಡುವೆ ಬೆನ್ನು, ಪಕ್ಕದಲ್ಲಿ ಮುಖ ಮತ್ತೊಮ್ಮೆ, ಕೈ, ಜೊತೆಗೆ ಎಡಗಾಲಿನ ಬೆರಳುಗಳು ಮತ್ತೆ ಮತ್ತೆ. ಭಾರವೆಲ್ಲ ಬೆರಳಿನ ತುದಿಗೆ ಬಂದಾಗ ಹೆಬ್ಬೆರಳು ಹೇಗೆ ಅಗಲವಾಗುತ್ತದೆ ಎಂದು ತಿಳಿಯುವವರೆಗೂ ಅವನು ಬಿಟ್ಟಿಲ್ಲ. ಹೊಸಬರು ನೇರ ಬೆನ್ನಿಗೆ ಕೈ ಹಾಕುತ್ತಾರೆ. ಈ ಬೆರಳುಗಳಿಂದ ಶುರು ಮಾಡಿ ಎಂಬುದು ನಮ್ಮ ಸಲಹೆ: ಚಿಕ್ಕದು, ಒಂದೇ ಕೂರುವಿಕೆಯಲ್ಲಿ ಮುಗಿಯುತ್ತದೆ, ದುಂಡಗಿನ ಮೇಲೆ ಹ್ಯಾಚಿಂಗ್ (ನೆರಳಿಗಾಗಿ ಒತ್ತೊತ್ತಾಗಿ ಎಳೆದ ಗೆರೆಗಳು) ಹೇಗೆ ತಿರುಗುತ್ತದೆಂದು ಇಲ್ಲೇ ತಿಳಿಯುತ್ತದೆ.

ಬೆನ್ನಿಗೆ ಎರಡೆರಡು ಗಂಟೆಯ ಮೂರು ಕೂರುವಿಕೆ ಬೇಕು. ಮೊದಲನೆಯದರಲ್ಲಿ ಚಾಕ್ ಮುಟ್ಟಬೇಡಿ. ಪ್ರಿಂಟ್ ಮೇಲೆ ಟ್ರೇಸಿಂಗ್ ಪೇಪರ್ ಹಾಸಿ, ಎಲುಬು ಚರ್ಮದ ಹತ್ತಿರ ಬರುವ ಜಾಗಗಳನ್ನು ಮಾತ್ರ ಗುರುತಿಸಿ: ಕುತ್ತಿಗೆಯ ಬುಡ, ಎರಡೂ ಹೆಗಲ ಮೂಳೆಗಳ ಒಳ ಅಂಚು, ಬೆನ್ನೆಲುಬಿನ ಗುಳಿ, ಮೊಣಕೈ. ಆಮೇಲೆ ಪಕ್ಕೆಲುಬಿನ ಗೂಡಿಗೊಂದು, ಸೊಂಟಕ್ಕೊಂದು ಪೆಟ್ಟಿಗೆ ಬರೆಯಿರಿ. ಎರಡು ಪೆಟ್ಟಿಗೆಗಳು ಬೇರೆ ಬೇರೆ ದಿಕ್ಕಿಗೆ ನೋಡುತ್ತಿವೆ. ಇಡೀ ಚಿತ್ರದ ಜೀವ ಆ ತಿರುವಿನಲ್ಲಿದೆ. ಎತ್ತಿದ ತೋಳಿನ ಜೊತೆ ಹೆಗಲ ಮೂಳೆಯೂ ತಿರುಗುತ್ತದೆ ಎಂಬುದನ್ನು ಮರೆತವರ ನಕಲಿನಲ್ಲಿ ತೋಳು ಅಂಟಿಸಿದಂತೆ ಕಾಣುತ್ತದೆ.

ಎರಡನೆಯ ಕೂರುವಿಕೆಯಲ್ಲಿ ಹೊರರೇಖೆ, ತೀರಾ ತೆಳುವಾಗಿ. ಅಳತೆ ಮೂಲದಷ್ಟೇ ಇರುವುದರಿಂದ ಕಂಪಾಸ್ ಬಾಕ್ಸಿನ ಡಿವೈಡರ್ ಹಿಡಿದು ನೇರವಾಗಿ ಹೋಲಿಸಬಹುದು. ಆದರೆ ಮೊದಲು ಕಣ್ಣಳತೆಯಲ್ಲಿ ಬರೆದು, ಆಮೇಲೆ ಡಿವೈಡರ್. ಕ್ರಮ ತಿರುವು ಮುರುವಾದರೆ ಕಲಿಯುವುದು ಡಿವೈಡರೇ ಹೊರತು ಕಣ್ಣಲ್ಲ.

ಮೂರನೆಯದರಲ್ಲಿ ನೆರಳು. ಹೆಚ್ಚಿನವರು ಕೆಡಿಸಿಕೊಳ್ಳುವುದು ಇಲ್ಲೇ. ದುಂಡಗಿನ ಮೇಲೆ ಬೆಳಕು ಮುಗಿದು ನೆರಳು ಶುರುವಾಗುವ ಪಟ್ಟಿಯೇ ಎಲ್ಲಕ್ಕಿಂತ ಗಾಢ. ಅದರಾಚೆ, ಅಂಚಿನ ಕಡೆಗೆ, ಸುತ್ತಲಿಂದ ಪ್ರತಿಫಲಿಸಿದ ಬೆಳಕಿನಿಂದ ಸ್ವಲ್ಪ ತಿಳಿಯಾಗುತ್ತದೆ. ಅಂಚನ್ನೇ ಕಪ್ಪು ಮಾಡಿದವರ ಬೆನ್ನು ರಟ್ಟಿನಂತೆ ಚಪ್ಪಟೆ. ಎರಡನೇ ತಪ್ಪು, ಎಲ್ಲ ಸ್ನಾಯುವಿಗೂ ಸಮ ಗಾಢತೆ ಕೊಡುವುದು. ಮೈಕೆಲೆಂಜೆಲೊ ಮೊದಲು ಇಡೀ ಬೆನ್ನನ್ನು ಒಂದೇ ದೊಡ್ಡ ದುಂಡಿನಂತೆ ಬೆಳಕು–ನೆರಳಿಗೆ ಹಂಚುತ್ತಾನೆ, ಸ್ನಾಯುಗಳು ಅದರೊಳಗಿನ ಸಣ್ಣ ಏರಿಳಿತ ಮಾತ್ರ. ಈ ಹಂಚಿಕೆ ತಪ್ಪಿದ ಬೆತ್ತಲೆ ಆಕೃತಿಗಳನ್ನು ಲಿಯೊನಾರ್ಡೊ ಅಕ್ರೋಟು ತುಂಬಿದ ಚೀಲಕ್ಕೆ ಹೋಲಿಸಿದ್ದು ಸುಮ್ಮನೆ ಅಲ್ಲ. ಬೆರಳಿನಿಂದ ಉಜ್ಜಬೇಡಿ, ಉಜ್ಜಿದರೆ ಗೆರೆಯ ದಿಕ್ಕು ಅಳಿಯುತ್ತದೆ, ಆ ದಿಕ್ಕೇ ಇಲ್ಲಿ ಪಾಠ. ಬಿಳಿ ಚಾಕ್ ಮೂಲದಲ್ಲಿ ಎಡ ಭುಜದ ಮೇಲೆ ಒಂದಿಷ್ಟೇ ಇದೆ, ಅಷ್ಟೇ ಸಾಕು.

ಮರುದಿನ ಪ್ರಿಂಟ್ ಮುಚ್ಚಿಟ್ಟು ನೆನಪಿನಿಂದ ಅದೇ ಬೆನ್ನನ್ನು ಬರೆಯಿರಿ. ಎಲ್ಲಿ ಕೈ ನಿಲ್ಲುತ್ತದೋ ಅಲ್ಲಿ ಅರ್ಥವಾಗದೆ ನಕಲು ಮಾಡಿದ್ದೀರಿ ಎಂದು ಲೆಕ್ಕ.

ಈ ಸಂಗ್ರಹ ಪಾಠದ ಕ್ರಮ ಹೇಳಿಕೊಡುವುದಿಲ್ಲ, ಅದೇ ದೊಡ್ಡ ಕೊರತೆ. ಕ್ರಮ ನಾವೇ ಕಟ್ಟಿಕೊಳ್ಳಬೇಕು. ಪೆಟ್ಟಿಗೆ ಪೆಟ್ಟಿಗೆಯಾಗಿ ಮನುಷ್ಯರನ್ನು ಬರೆದ ಜಿನೋವಾದ ಲೂಕಾ ಕಾಂಬಿಯಾಸೊನಿಂದ ಶುರು ಮಾಡಿದರೆ ತಿರುವು, ಓಟ ಬೇಗ ಕೈಗೆ ಹತ್ತುತ್ತವೆ. ಆಮೇಲೆ ವೆನಿಸ್‌ನ ಚಿತ್ರಕಾರ ಟಿಯೆಪೊಲೊ: ಬಿಳಿ ಕಾಗದ, ತೆಳು ವಾಶ್ (ನೀರು ಬೆರೆಸಿ ಬಳಿದ ಬಣ್ಣ), ಗಾಢ ವಾಶ್, ಮೂರೇ ಹಂತದಲ್ಲಿ ಇಡೀ ಬಿಸಿಲು. ಅದಾದ ಮೇಲೆ ರಾಫೆಲ್, 64.47 ಸಂಖ್ಯೆಯ ಹಾಳೆ: ಮುಂದೆ ಕೆಂಪು ಚಾಕ್‌ನ ಮಡೊನ್ನಾ (ಮೇರಿ ಮಾತೆ), ಹಿಂದೆ ಬೆತ್ತಲೆ ಗಂಡಿನ ಅಭ್ಯಾಸ. ಸಿಬಿಲ್ ಕೊನೆಗೆ. ಒಂದು ಹಾಳೆಗೆ ಎರಡು ವಾರ ಕೊಟ್ಟರೆ ಹೆಚ್ಚೇನಲ್ಲ.

ಇನ್ನೊಂದು ಕೊರತೆಗೆ ಯಾವ ಮ್ಯೂಸಿಯಂ ಕೂಡ ಹೊಣೆಯಲ್ಲ: ಬರೀ ನಕಲು ಮಾಡುತ್ತ ಕೂತವರ ಕೈಯಲ್ಲಿ ಸಣಕಲು ಹುಡುಗನೂ ಮೈಕೆಲೆಂಜೆಲೊನ ಪೈಲ್ವಾನನಾಗುತ್ತಾನೆ. ಪ್ರತಿ ನಕಲಿನ ಹಿಂದೆಯೇ ಮನೆಯವರನ್ನೋ ಗೆಳೆಯರನ್ನೋ ಅದೇ ಭಂಗಿಯಲ್ಲಿ ಹತ್ತು ನಿಮಿಷ ಕೂರಿಸಿ ಬರೆಯಬೇಕು, ಸಾಧ್ಯವಾದರೆ ಬೇರೊಂದು ಬದಿಯಿಂದ.

ಮೆಟ್‌ನಲ್ಲಿ ಮೈಕೆಲೆಂಜೆಲೊನ ಹಾಳೆಗಳು ಬೆರಳೆಣಿಕೆಯಷ್ಟೇ. ಮುಂದಿನದಕ್ಕೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ತಾಣಕ್ಕೆ ಹೋಗಬೇಕು. ಸಿಸ್ಟೀನ್ ಛಾವಣಿಯ ಆಡಮ್‌ಗಾಗಿ ಬರೆದ, ಅಲ್ಲಿರುವ ಕೆಂಪು ಚಾಕ್ ಅಭ್ಯಾಸ 19.3 × 25.9 ಸೆಂ.ಮೀ., ಎ4ರೊಳಗೆ ಸಲೀಸಾಗಿ ಕೂರುತ್ತದೆ. ಆದರೆ ಅಲ್ಲಿನ ಚಿತ್ರಗಳ ಪರವಾನಗಿ ವ್ಯಾಪಾರಕ್ಕಲ್ಲ. ಅಭ್ಯಾಸಕ್ಕೆ ಪ್ರಿಂಟ್ ಹಾಕಿಸಿಕೊಳ್ಳಿ, ಮಾರುವ ಪುಸ್ತಕಕ್ಕೆ ಸೇರಿಸಬೇಡಿ.