ನೋವಾ, ಜೇಕಬ್, ಈಥನ್: ಮಗನಿಗೆ ಯಾವ ಹೆಸರು?

ಮೂರೂ ಹೀಬ್ರೂ ಮೂಲದ ಹೆಸರುಗಳು. ಅರ್ಥವೇ ಮುಖ್ಯ ಅನ್ನುವವರಿಗೆ ನೋವಾ, ಈಥನ್ ಎರಡೂ ಸಲೀಸು. ನೋವಾ ಎಂದರೆ ವಿಶ್ರಾಂತಿ, ನೆಮ್ಮದಿ. ಈಥನ್ ಎಂದರೆ ಗಟ್ಟಿ, ಸ್ಥಿರ. ಜೇಕಬ್ ವಿಷಯ ಸ್ವಲ್ಪ ತಕರಾರಿನದು. ಅದರ ಅರ್ಥ 'ಹಿಮ್ಮಡಿ ಹಿಡಿಯುವವನು', 'ಇನ್ನೊಬ್ಬನ ಜಾಗ ಕಸಿಯುವವನು' ಎಂದು ಹೇಳುವುದುಂಟು. ಬೈಬಲ್‌ನ ಆದಿಕಾಂಡದಲ್ಲಿ ಅವನು ಅಣ್ಣ ಏಸಾವನ ಹಿಮ್ಮಡಿ ಹಿಡಿದುಕೊಂಡೇ ಹುಟ್ಟುತ್ತಾನೆ. ಮುಂದೆ ಅಣ್ಣನಿಗೆ ಸಿಗಬೇಕಾದ ಆಶೀರ್ವಾದವನ್ನೂ ಮೋಸದಿಂದ ಪಡೆಯುತ್ತಾನೆ. 'ದೇವರು ಕಾಪಾಡಲಿ' ಎಂಬ ಅರ್ಥವನ್ನೂ ಪಂಡಿತರು ಹೇಳುತ್ತಾರೆ, ಹಾಗಾಗಿ ಬೇಜಾರು ಬೇಡ.

ಕತೆಯ ತೂಕ ನೋಡಿದರೆ ಮಾತ್ರ ಜೇಕಬ್‌ನದೇ ಜಾಸ್ತಿ. ಇಸ್ರಾಯೇಲಿನ ಹನ್ನೆರಡು ಕುಲಗಳು ಅವನ ಮಕ್ಕಳಿಂದ ಬಂದವು. ಜೇಮ್ಸ್, ಕೇರಳದ ಚಾಕೋ ಎಲ್ಲ ಇದೇ ಹೆಸರಿನ ಕವಲುಗಳು. ಮನೆಯಲ್ಲಿ ಅಜ್ಜನ ಹೆಸರು ಯಾಕೋಬ ಅಂತಿದ್ದರೆ ಯೋಚನೆಯೇ ಬೇಡ, ಇದನ್ನೇ ಇಡಿ. ಪ್ರಳಯದಲ್ಲಿ ಪ್ರಾಣಿಗಳನ್ನು ಉಳಿಸಿದ ನೋವಾನ ನಾವೆ ಎಲ್ಲರಿಗೂ ಗೊತ್ತು. ಕುರಾನಿನಲ್ಲೂ ಅವನು ನೂಹ್ ಆಗಿ ಬರುತ್ತಾನೆ. ಈಥನ್ ಬೈಬಲ್‌ನಲ್ಲಿ ಬಂದು ಹೋಗುವ ಜ್ಞಾನಿ, ಅಷ್ಟೇ.

ಅಮೆರಿಕದಲ್ಲಿ ಗಂಡುಮಕ್ಕಳಿಗೆ ಇಡುವ ಹೆಸರುಗಳಲ್ಲಿ 1999ರಿಂದ 2012ರವರೆಗೆ ಜೇಕಬ್ ಮೊದಲ ಸ್ಥಾನದಲ್ಲಿತ್ತು. 2013ರಿಂದ 2016ರವರೆಗೆ ಆ ಜಾಗ ನೋವಾನದು. ಈಥನ್ 2009, 2010ರಲ್ಲಿ ಎರಡನೆಯದು. ಅಲ್ಲಿ ನೆಲೆಸಿದವರಾದರೆ ನೋವಾ ಎಂದು ಕರೆದಾಗ ತರಗತಿಯಲ್ಲಿ ಇಬ್ಬರು ತಿರುಗಿ ನೋಡಬಹುದು. ಅದು ಇಷ್ಟವಿಲ್ಲದಿದ್ದರೆ ಈಥನ್ ವಾಸಿ.

ಕನ್ನಡದ ಮನೆಗೆ ಇನ್ನೊಂದು ಮಾತು. 'ನೋವಾ' ಅಂತ ಕೂಗಿದರೆ ಅಜ್ಜಿ 'ಎಲ್ಲಿ ನೋವು?' ಅಂದಾರು, ಅಲ್ವಾ? ಕನ್ನಡ ಬೈಬಲ್‌ನ 'ನೋಹ' ಬಳಸಿದರೆ ಆ ತೊಂದರೆ ಇಲ್ಲ.