ಗಿಟಿಸ್, ಮಾರ್ಲೋ, ಮೋಸ್ಬಿ: ಸೋತ ಪತ್ತೇದಾರರಲ್ಲಿ ಯಾರು ಮೇಲು?

ಪತ್ತೇದಾರ ಅಂದ ಮೇಲೆ ಕೊನೆಗೆ ಅವನೇ ಗೆಲ್ಲಬೇಕು ಅಲ್ವಾ? 1973ರಿಂದ 1975ರ ಒಳಗೆ ಹಾಲಿವುಡ್‌ನಲ್ಲಿ ಬಂದ ಮೂರು ಸಿನಿಮಾಗಳು ಈ ಲೆಕ್ಕವನ್ನು ತಲೆಕೆಳಗು ಮಾಡಿದವು. ರಾಬರ್ಟ್ ಆಲ್ಟ್‌ಮನ್ ನಿರ್ದೇಶನದ ‘ದಿ ಲಾಂಗ್ ಗುಡ್‌ಬೈ’ (1973), ರೋಮನ್ ಪೊಲಾನ್‌ಸ್ಕಿಯ ‘ಚೈನಾಟೌನ್’ (1974), ಆರ್ಥರ್ ಪೆನ್ ಅವರ ‘ನೈಟ್ ಮೂವ್ಸ್’ (1975). ಮೂರರಲ್ಲೂ ಲಾಸ್ ಏಂಜಲೀಸ್‌ನ ಒಬ್ಬ ಖಾಸಗಿ ಪತ್ತೇದಾರ ಇದ್ದಾನೆ. ಮೂವರಿಗೂ ಬುದ್ಧಿ ಇದೆ, ಧೈರ್ಯ ಇದೆ, ಒಂದಿಷ್ಟು ನಿಯತ್ತೂ ಇದೆ. ಕೇಸು ಮುಗಿಯುವಷ್ಟರಲ್ಲಿ ಮೂವರೂ ಕೈ ಸುಟ್ಟುಕೊಂಡಿರುತ್ತಾರೆ.

ನಿಯೋ-ನ್ವಾರ್ ಎಂಬ ಹಣೆಪಟ್ಟಿ ಮೂರಕ್ಕೂ ಇದೆ. 1940 ಮತ್ತು 50ರ ದಶಕದ ಕಪ್ಪು-ಬಿಳುಪು ಕ್ರೈಮ್ ಚಿತ್ರಗಳ ನೆರಳು, ಮಳೆ, ಮೋಸ ಎಲ್ಲವನ್ನೂ ಬಣ್ಣದ ಕಾಲಕ್ಕೆ ಎಳೆದು ತಂದವು ಇವು. ನೆರಳಿನ ಜಾಗದಲ್ಲಿ ಇಲ್ಲಿ ಕಣ್ಣು ಕುಕ್ಕುವ ಬಿಸಿಲು. ಮೋಸ ಮಾತ್ರ ಹಾಗೇ ಇದೆ.

ಬಿಡಿಬಿಡಿಯಾಗಿ ಮೂರನ್ನೂ ಹಿಂದೆ ನೋಡಿದ್ದೆ. ಈಚೆಗೆ ಒಂದರ ಹಿಂದೊಂದು ನೋಡಿದಾಗ ಅಭಿಪ್ರಾಯ ಕೊಂಚ ಬದಲಾಯಿತು. ಒಂದನ್ನೇ ನೋಡುವುದಾದರೆ ಯಾವುದು ಎಂದು ಕೇಳಿದರೆ ಎಲ್ಲರೂ ‘ಚೈನಾಟೌನ್’ ಎನ್ನುತ್ತಾರೆ. ಸಿನಿಮಾ ಎಂಬ ಲೆಕ್ಕದಲ್ಲಿ ನಾನೂ ಅದನ್ನೇ ಹೇಳುತ್ತೇನೆ. ಆದರೆ ಒಡೆದುಹೋದ ಪತ್ತೇದಾರನೊಬ್ಬನ ಒಳಗು ನೋಡಬೇಕು ಅಂದ್ರೆ ನನ್ನ ಓಟು ‘ನೈಟ್ ಮೂವ್ಸ್’ಗೆ. ಯಾಕೆ ಎಂದು ಹೇಳುತ್ತೇನೆ. ಕೊನೆಯ ಗುಟ್ಟುಗಳನ್ನು ಬಿಟ್ಟುಕೊಡುವುದಿಲ್ಲ, ಹೆದರಬೇಡಿ.

ಮೊದಲು ‘ಚೈನಾಟೌನ್’. ರಾಬರ್ಟ್ ಟೌನ್ ಬರೆದ ಚಿತ್ರಕತೆ ಅಂದ್ರೆ ಬಿಗಿ ಅಂದ್ರೆ ಬಿಗಿ. ಜ್ಯಾಕ್ ನಿಕೋಲ್ಸನ್ ಮಾಡಿದ ಜೇಕ್ ಗಿಟಿಸ್ ಇಲ್ಲದ ದೃಶ್ಯವೇ ಇದರಲ್ಲಿ ಇಲ್ಲ. ಅವನಿಗೆ ಗೊತ್ತಾಗುವ ಮೊದಲು ನಮಗೆ ಏನೂ ಗೊತ್ತಾಗದು. ಕಿತ್ತಳೆ ತೋಟದಲ್ಲಿ ಅವನಿಗೆ ಏಟು ಬಿದ್ದು ಪ್ರಜ್ಞೆ ತಪ್ಪಿದರೆ ತೆರೆಯೂ ಕಪ್ಪಾಗುತ್ತದೆ. ಕ್ಯಾಮೆರಾ ಎಷ್ಟೋ ಸಲ ಅವನ ಭುಜದ ಹಿಂದೆಯೇ ನಿಂತಿರುತ್ತದೆ. ಹೀಗಾಗಿ ಅವನು ತಪ್ಪು ತಿಳಿದರೆ ನಾವೂ ತಪ್ಪು ತಿಳಿಯುತ್ತೇವೆ.

ಅವನ ಕೈಚಳಕ ನೋಡುವುದೇ ಒಂದು ಮಜಾ. ನಿಂತ ಕಾರಿನ ಚಕ್ರಕ್ಕೆ ಸಿಗುವಂತೆ ಅಗ್ಗದ ಜೇಬುಗಡಿಯಾರ ಇಡುತ್ತಾನೆ. ಕಾರು ಹೊರಟ ಕ್ಷಣ ಗಡಿಯಾರ ಪುಡಿಯಾಗಿ, ಸಮಯ ಅಲ್ಲೇ ನಿಂತುಬಿಡುತ್ತದೆ. ರಾತ್ರಿ ಕಾರಿನ ಬೆನ್ನು ಹತ್ತಬೇಕಾದಾಗ ಅದರ ಹಿಂದಿನ ದೀಪದ ಒಂದು ಗಾಜು ಒಡೆಯುತ್ತಾನೆ. ದಾಖಲೆಗಳ ಕಚೇರಿಯಲ್ಲಿ ಗುಮಾಸ್ತನ ಹತ್ತಿರವೇ ಸ್ಕೇಲು ಇಸಿದುಕೊಂಡು, ಜೋರಾಗಿ ಕೆಮ್ಮುತ್ತಾ, ಅವರದೇ ಪುಸ್ತಕದಿಂದ ಬೇಕಾದ ಸಾಲು ಹರಿದುಕೊಳ್ಳುತ್ತಾನೆ. ಇಷ್ಟು ಚುರುಕಿನವನು ಮುಖ್ಯವಾದ ಒಂದೇ ಒಂದು ವಿಷಯವನ್ನು ಉಲ್ಟಾ ಓದುತ್ತಾನೆ. ಸಿನಿಮಾ ನಿಂತಿರುವುದು ಅದರ ಮೇಲೆ.

ಕತೆ 1937ರಲ್ಲಿ ನಡೆಯುತ್ತದೆ. ಬರಗಾಲ, ನೀರು, ಜಮೀನು. ನೀರಿನ ಇಲಾಖೆಯ ಮುಖ್ಯ ಎಂಜಿನಿಯರ್ ಬರಗಾಲದಲ್ಲೇ ನೀರಲ್ಲಿ ಮುಳುಗಿ ಸತ್ತಿರುತ್ತಾನೆ. ಇದಕ್ಕೆ ನಿಜ ಜೀವನದ ಬೇರು ಇದೆ. ದೂರದ ಓವೆನ್ಸ್ ಕಣಿವೆಯಿಂದ ಲಾಸ್ ಏಂಜಲೀಸ್‌ಗೆ ನೀರು ತರುವ ಕಾಲುವೆ 1913ರಲ್ಲಿ ಶುರುವಾಯಿತು. ಅದರ ಹಿಂದೆ ಇದ್ದವನು ವಿಲಿಯಂ ಮಲ್‌ಹಾಲಂಡ್ ಎಂಬ ಎಂಜಿನಿಯರ್. ಕಣಿವೆಯ ಜನ ಎಷ್ಟು ರೊಚ್ಚಿಗೆದ್ದರು ಎಂದರೆ 1924ರಲ್ಲಿ ಕಾಲುವೆಗೆ ಡೈನಮೈಟ್ ಇಟ್ಟರು. ಟೌನ್ ಇದನ್ನು ಹಾಗೇ ಎತ್ತಿಕೊಳ್ಳಲಿಲ್ಲ. ಕಾಲ ಬದಲಿಸಿ, ಹೆಸರು ಬದಲಿಸಿ, ಊರಿನ ಪಾಪವನ್ನು ಒಂದು ಮನೆಯ ಪಾಪದ ಜೊತೆ ಹೆಣೆದರು. ಆ ಹೆಣಿಗೆಗೆ ಸಾಟಿ ಉಳಿದ ಎರಡರಲ್ಲಿ ಇಲ್ಲ.

11 ಆಸ್ಕರ್ ನಾಮಿನೇಷನ್ ಬಂದು ಗೆದ್ದಿದ್ದು ಒಂದೇ, ಅದೂ ಚಿತ್ರಕತೆಗೆ. ಆದರೆ ಜನ ಇಂದಿಗೂ ಮಾತಾಡುವ ಕೊನೆ ಟೌನ್‌ಗೆ ಬೇಕಿದ್ದದ್ದಲ್ಲ, ಪೊಲಾನ್‌ಸ್ಕಿ ಹಟ ಹಿಡಿದು ಬದಲಿಸಿದ್ದು. ಇನ್ನೊಂದು ಸಂಗತಿ: ಮೊದಲು ಮಾಡಿಸಿದ ಸಂಗೀತ ಸರಿಹೋಗದೆ, ಜೆರ್ರಿ ಗೋಲ್ಡ್‌ಸ್ಮಿತ್ 10 ದಿನಗಳಲ್ಲಿ ಹೊಸದಾಗಿ ಮಾಡಿಕೊಟ್ಟರು. ಆ ಒಂಟಿ ಟ್ರಂಪೆಟ್ ಕೇಳಿದರೆ ಅವಸರದ ಕೆಲಸ ಅಂತ ಯಾರೂ ಹೇಳಲ್ಲ.

ನನ್ನ ತಕರಾರು ಎಲ್ಲಿ ಅಂದ್ರೆ, ಗಿಟಿಸ್‌ನ ನೋವು ನಮಗೆ ಸುದ್ದಿಯಾಗಿ ಮಾತ್ರ ಸಿಗುತ್ತದೆ. ಪೊಲೀಸ್ ಆಗಿದ್ದಾಗ ಚೈನಾಟೌನ್ ಪ್ರದೇಶದಲ್ಲಿ ಯಾರನ್ನೋ ಉಳಿಸಲು ಹೋಗಿ, ಅವಳಿಗೇ ಕೇಡು ಮಾಡಿದೆ ಎಂದು ಒಂದೆರಡು ಮಾತಲ್ಲಿ ಹೇಳುತ್ತಾನೆ. ಅಷ್ಟೇ. ಅವನ ಮನೆ ಹೇಗಿದೆ, ಒಬ್ಬನೇ ಇದ್ದಾಗ ಏನು ಮಾಡುತ್ತಾನೆ ಎಂಬುದು ಹೆಚ್ಚುಕಡಿಮೆ ಇಲ್ಲ. ಅವನಿಗೆ ಆಗುವ ಗಾಯ ಹೊರಗಿನದು. ಮೂಗಿನ ಗಾಯವಂತೂ ಅಕ್ಷರಶಃ ಹೊರಗಿನದು. ಚಾಕು ಹಿಡಿದು ಆ ಮೂಗು ಸೀಳುವ ಪುಟ್ಟ ರೌಡಿಯ ಪಾತ್ರ ಸ್ವತಃ ಪೊಲಾನ್‌ಸ್ಕಿಯದು. ಊರು ಕೆಟ್ಟಿದೆ, ಅದಕ್ಕೇ ಅವನು ಸೋಲುತ್ತಾನೆ. ಅವನ ಜಾಗದಲ್ಲಿ ಬೇರೆ ಯಾರು ಇದ್ದರೂ ಬಹುಶಃ ಸೋಲುತ್ತಿದ್ದರು.

‘ದಿ ಲಾಂಗ್ ಗುಡ್‌ಬೈ’ ಇದಕ್ಕೆ ಪೂರ್ತಿ ಎದುರು. ರೇಮಂಡ್ ಚಾಂಡ್ಲರ್ 1953ರಲ್ಲಿ ಬರೆದ ಕಾದಂಬರಿಯನ್ನು ತಂದು 1970ರ ದಶಕದ ಕ್ಯಾಲಿಫೋರ್ನಿಯಾದಲ್ಲಿ ಇಳಿಸಿದ್ದಾರೆ. ಎಲಿಯಟ್ ಗೂಲ್ಡ್ ಮಾಡಿದ ಫಿಲಿಪ್ ಮಾರ್ಲೋ ಇಪ್ಪತ್ತು ವರ್ಷ ನಿದ್ದೆ ಮಾಡಿ ಎದ್ದವನಂತೆ ಓಡಾಡುತ್ತಾನೆ. ಸುತ್ತ ಎಲ್ಲರೂ ಯೋಗ, ಆರೋಗ್ಯ ಎನ್ನುತ್ತಿದ್ದರೆ ಇವನು ಅದೇ ಕಪ್ಪು ಸೂಟು, ಅದೇ ಟೈ, ಬಾಯಲ್ಲಿ ಸದಾ ಸಿಗರೇಟು. ಕಡ್ಡಿಯನ್ನು ಗೋಡೆ, ಟೇಬಲ್ಲು, ಸಿಕ್ಕಲ್ಲಿ ಗೀರುತ್ತಾನೆ. ಕಾರು 1948ರ ಲಿಂಕನ್.

ಶುರುವಿನಲ್ಲೇ ಹಸಿದ ಬೆಕ್ಕು ಅವನನ್ನು ನಡುರಾತ್ರಿ ಎಬ್ಬಿಸುತ್ತದೆ. ಅದು ತಿನ್ನುವ ಬ್ರ್ಯಾಂಡು ಅಂಗಡಿಯಲ್ಲಿ ಇಲ್ಲ. ಬೇರೆ ಡಬ್ಬಿ ತಂದು, ಒಳಗಿನದನ್ನು ಹಳೇ ಬ್ರ್ಯಾಂಡಿನ ಖಾಲಿ ಡಬ್ಬಿಗೆ ತುಂಬಿ ಬೆಕ್ಕಿಗೆ ಟೋಪಿ ಹಾಕಲು ನೋಡುತ್ತಾನೆ. ಬೆಕ್ಕು ಮೂಸಿ ನೋಡಿ ಹೊರಟೇ ಹೋಗುತ್ತದೆ. ಕೊಲೆ ಇಲ್ಲ, ಸುಂದರಿ ಇಲ್ಲ, ಕೇಸೇ ಇಲ್ಲ. ಪತ್ತೇದಾರಿ ಸಿನಿಮಾ ಹೀಗೆ ಶುರುವಾದದ್ದು ನಾನು ಬೇರೆಲ್ಲೂ ಕಂಡಿಲ್ಲ. ಬೆಕ್ಕನ್ನೂ ಮೋಸ ಮಾಡಲಾಗದ ಇವನನ್ನು ಗೆಳೆಯನೊಬ್ಬ ಎಷ್ಟು ಸಲೀಸಾಗಿ ಬಳಸಿಕೊಳ್ಳುತ್ತಾನೆ ಎಂಬುದು ಮುಂದಿನ ಕತೆ.

ಕ್ಯಾಮೆರಾ ಕೆಲಸಕ್ಕೆ ಬಂದರೆ ಮೂರರಲ್ಲಿ ಇದೇ ಮೇಲು. ವಿಲ್ಮೋಸ್ ಜಿಗ್‌ಮಂಡ್ ಕ್ಯಾಮೆರಾ ಒಂದು ಕಡೆ ನಿಲ್ಲುವುದೇ ಇಲ್ಲ. ಮೆಲ್ಲಗೆ ಸರಿಯುತ್ತಲೇ ಇರುತ್ತದೆ. ಫಿಲ್ಮಿಗೆ ಬೇಕೆಂದೇ ಒಂಚೂರು ಬೆಳಕು ತಾಗಿಸಿ, ಬಣ್ಣ ಮಾಸಿದಂತೆ ಮಾಡಿದ್ದಾರೆ. ಕಡಲ ದಂಡೆಯ ಮನೆಯಲ್ಲಿ ಗಂಡ ಹೆಂಡತಿ ಒಳಗೆ ಮಾತಾಡುತ್ತಿರುವಾಗ, ಅದೇ ಕಿಟಕಿ ಗಾಜಿನಲ್ಲಿ ದೂರದ ಮಾರ್ಲೋನ ಪ್ರತಿಬಿಂಬ ಕಾಣುತ್ತದೆ. ಒಳಗಿನದೂ ಹೊರಗಿನದೂ ಒಂದೇ ಗಾಜಿನ ಮೇಲೆ. ಅಲ್ಲಿ ಕುಡುಕ ಲೇಖಕನಾಗಿ ಸ್ಟರ್ಲಿಂಗ್ ಹೇಡನ್ ಇದ್ದಾರೆ. ಆ ಗಡ್ಡ, ಆ ಗುಡುಗು! ಸಂಗೀತದಲ್ಲೂ ಒಂದು ಚೇಷ್ಟೆ ಇದೆ. ಜಾನ್ ವಿಲಿಯಮ್ಸ್ ಇಡೀ ಚಿತ್ರಕ್ಕೆ ಒಂದೇ ಹಾಡು ಕೊಟ್ಟಿದ್ದಾರೆ. ಅಂಗಡಿಯಲ್ಲಿ ಅದೇ, ಮೆಕ್ಸಿಕೋದ ಶವಯಾತ್ರೆಯಲ್ಲಿ ಅದೇ, ಕಾಲಿಂಗ್ ಬೆಲ್ಲಿನಲ್ಲೂ ಅದೇ.

ತೊಂದರೆ ಎಂದರೆ ಮಾತು. ಆಲ್ಟ್‌ಮನ್ ಸಿನಿಮಾದಲ್ಲಿ ಎಲ್ಲರೂ ಒಟ್ಟಿಗೆ ಮಾತಾಡುತ್ತಾರೆ. ಮಾರ್ಲೋ ತನ್ನಷ್ಟಕ್ಕೆ ಗೊಣಗುತ್ತಲೇ ಇರುತ್ತಾನೆ. ಸಬ್‌ಟೈಟಲ್ ಓದುತ್ತಾ ಕೂತರೆ ಕ್ಯಾಮೆರಾ ತಪ್ಪುತ್ತದೆ, ಕ್ಯಾಮೆರಾ ನೋಡಿದರೆ ಮಾತು ತಪ್ಪುತ್ತದೆ. ಕತೆ ಹಿಡಿಯಲೇಬೇಕು ಎನ್ನುವವರಿಗೆ ನಡುವಿನ ಅರ್ಧ ಗಂಟೆ ಬೇಜಾರಾಗಬಹುದು. ಇನ್ನು ಕೊನೆ. ಚಾಂಡ್ಲರ್ ಅಭಿಮಾನಿಗಳು ಅದಕ್ಕೆ ಸಿಡಿಮಿಡಿಗೊಂಡರು, ಕಾದಂಬರಿಯಲ್ಲಿ ಅದು ಹಾಗಿಲ್ಲ. ತಮಾಷೆ ಏನೆಂದರೆ, ಹಂಫ್ರಿ ಬೋಗಾರ್ಟ್ ಮಾರ್ಲೋ ಆಗಿದ್ದ 1946ರ ‘ದಿ ಬಿಗ್ ಸ್ಲೀಪ್’ ಬರೆದವರಲ್ಲಿ ಒಬ್ಬರಾದ ಲೀ ಬ್ರ್ಯಾಕೆಟ್ ಅವರೇ ಇದನ್ನೂ ಬರೆದದ್ದು. ಮಾರ್ಲೋನನ್ನು ಕಟ್ಟಿದ ಕೈಯೇ ಅವನನ್ನು ಬಿಚ್ಚಿತು. ನನಗೆ ಆ ಕೊನೆ ಇಷ್ಟ. ಎಲ್ಲಕ್ಕೂ ‘ಇರಲಿ ಬಿಡು’ ಅನ್ನುತ್ತಿದ್ದವನು ಕೊನೆಗೊಮ್ಮೆ ಬಿಡುವುದಿಲ್ಲ.

ಈಗ ‘ನೈಟ್ ಮೂವ್ಸ್’. 1975ರ ಜೂನ್‌ನಲ್ಲಿ, ‘ಜಾಸ್’ ಬಂದ ತಿಂಗಳಲ್ಲೇ ಇದೂ ಬಂತು. ಶಾರ್ಕ್ ಮುಂದೆ ಇದನ್ನು ಯಾರು ಕೇಳ್ತಾರೆ! ಜೀನ್ ಹ್ಯಾಕ್‌ಮನ್ ಮಾಡಿದ ಹ್ಯಾರಿ ಮೋಸ್ಬಿ ಹಿಂದೆ ಫುಟ್‌ಬಾಲ್ ಆಡುತ್ತಿದ್ದವನು, ಈಗ ಒಬ್ಬನೇ ಕೂತು ನಡೆಸುವ ಸಣ್ಣ ಆಫೀಸಿನ ಪತ್ತೇದಾರ. ದೊಡ್ಡ ಏಜೆನ್ಸಿಗೆ ಸೇರು ಎಂದು ಹೆಂಡತಿ ಹೇಳಿದರೆ ಕೇಳುವುದಿಲ್ಲ. ಹಳೇ ನಟಿಯೊಬ್ಬಳು ತನ್ನ 16 ವರ್ಷದ ಮಗಳನ್ನು ಹುಡುಕಿಕೊಡು ಎನ್ನುತ್ತಾಳೆ. ಹುಡುಕುತ್ತಾ ಫ್ಲಾರಿಡಾ ಕೀಸ್ ದ್ವೀಪಗಳಿಗೆ ಹೋಗುತ್ತಾನೆ. ಹುಡುಗಿ ಅಷ್ಟೇನೂ ಕಷ್ಟವಿಲ್ಲದೆ ಸಿಗುತ್ತಾಳೆ. ಕೇಸು ಮುಗಿಯಿತು ಅಂದುಕೊಂಡ ಮೇಲೆ ನಿಜವಾದ ಕೇಸು ಶುರು.

ಅದಕ್ಕೂ ಮೊದಲು ಇನ್ನೊಂದು ಪತ್ತೆ ನಡೆದಿರುತ್ತದೆ. ಹೆಂಡತಿ ಬೇರೊಬ್ಬನ ಜೊತೆ ಸಿನಿಮಾದಿಂದ ಹೊರಬರುವುದನ್ನು ಹ್ಯಾರಿ ಕಾಣುತ್ತಾನೆ. ಆಗ ಏನು ಮಾಡುತ್ತಾನೆ ಗೊತ್ತಾ? ಹೆಂಡತಿಯನ್ನು ಕೇಳುವುದಿಲ್ಲ. ತನಗೆ ಬರುವ ಒಂದೇ ವಿದ್ಯೆ ಬಳಸುತ್ತಾನೆ, ಆ ಗಂಡಸಿನ ಬೆನ್ನು ಹತ್ತುತ್ತಾನೆ. ಮಾತಾಡಿದರೆ ಮುಗಿಯುವ ಕಡೆ ಸುಳಿವು ಹುಡುಕುವ ಮನುಷ್ಯ.

ಅಪ್ಪನ ಕತೆಯೂ ಹಾಗೇ. ಚಿಕ್ಕಂದಿನಲ್ಲಿ ಬಿಟ್ಟುಹೋದ ಅಪ್ಪನನ್ನು ಹ್ಯಾರಿ ದೊಡ್ಡವನಾದ ಮೇಲೆ ಹುಡುಕಿಕೊಂಡು ಹೋಗಿದ್ದ. ಪಾರ್ಕಿನ ಬೆಂಚಿನಲ್ಲಿ ಕೂತ ಮುದುಕನನ್ನು ದೂರದಿಂದ ನೋಡಿ, ಮಾತಾಡಿಸದೆ ವಾಪಸ್ ಬಂದಿದ್ದ. ಇದನ್ನು ಅವನೇ ಹೇಳುವಾಗ ಹ್ಯಾಕ್‌ಮನ್ ದನಿಯಲ್ಲಿ ಅಳು ಇಲ್ಲ, ಸುಮ್ನೆ ಒಂದು ದಣಿವು ಇದೆ. ಇಡೀ ಸಿನಿಮಾದ ಬೀಗದ ಕೈ ಅದೇ ಎಂದು ನನಗೆ ಅನಿಸುತ್ತದೆ. ಹುಡುಕುವುದು ಅವನಿಗೆ ಬರುತ್ತದೆ. ಸಿಕ್ಕದ್ದರ ಜೊತೆ ಏನು ಮಾಡಬೇಕು ಎಂಬುದು ಬರುವುದಿಲ್ಲ.

ಚದುರಂಗದ ಸಂಗತಿ ಬೇರೆ ಇದೆ. ಹ್ಯಾರಿ ಪುಟ್ಟ ಚೆಸ್ ಬೋರ್ಡು ಇಟ್ಟುಕೊಂಡಿರುತ್ತಾನೆ. 1922ರ ಒಂದು ಆಟವನ್ನು ಮತ್ತೆ ಮತ್ತೆ ಆಡಿ ನೋಡುತ್ತಾನೆ. ರಾಣಿಯನ್ನು ಬಲಿಕೊಟ್ಟು ಕುದುರೆಯ ಮೂರು ನಡೆ ಇಟ್ಟಿದ್ದರೆ ಒಬ್ಬ ಗೆದ್ದುಬಿಡುತ್ತಿದ್ದ. ಅವನಿಗೆ ಅದು ಕಾಣಲೇ ಇಲ್ಲ, ಸೋತ. ಬೇರೆ ನಿರ್ದೇಶಕರ ಕೈಯಲ್ಲಿ ಇದು ಅತಿ ಅನಿಸಬಹುದಿತ್ತು. ಪೆನ್ ಅದನ್ನು ಒಂದು ರಾತ್ರಿಯ ಹರಟೆಯ ನಡುವೆ ಸೇರಿಸಿ ಮುಂದೆ ಹೋಗುತ್ತಾರೆ.

ಎಲ್ಲಾ ಸರಿ ಇದೆ ಅಂತ ಅಲ್ಲ. ಯಾರು ಯಾರಿಗೆ ಏನು ಮಾಡಿದರು ಎಂಬುದು ಮೊದಲ ಸಲಕ್ಕೆ ತಲೆಗೆ ಹೋಗುವುದಿಲ್ಲ. ಡೀಡೀ ಆ್ಯಲನ್ ಅವರ ಎಡಿಟಿಂಗ್ ಚುರುಕಾಗಿದೆ, ಕೆಲವು ಕಡೆ ಜಾಸ್ತಿಯೇ ಚುರುಕು. ಕೊನೆಯ ಹತ್ತು ನಿಮಿಷದಲ್ಲಿ ಉತ್ತರಗಳು ಒಂದರ ಮೇಲೊಂದು ಬಿದ್ದು, ಯಾವುದನ್ನೂ ಸರಿಯಾಗಿ ಹಿಡಿಯಲು ಆಗದು. ಎರಡನೇ ಸಲ ನೋಡಿದಾಗ ಮಾತ್ರ ಎಲ್ಲವೂ ಮೊದಲೇ ಕಣ್ಣೆದುರು ಇತ್ತು ಎಂದು ತಿಳಿಯುತ್ತದೆ. ‘ಚೈನಾಟೌನ್’ ಗಂಟನ್ನು ನೀಟಾಗಿ ಬಿಚ್ಚಿ ತೋರಿಸುತ್ತದೆ. ಇದು ಬಿಚ್ಚಿದ ಹಾಗೆ ಮಾಡಿ, ದಾರವನ್ನು ನಮ್ಮ ಕೈಗೇ ಕೊಟ್ಟು ಹೋಗುತ್ತದೆ.

ಒಂದು ಮಾತು ಹೇಳಲೇಬೇಕು. ಮೂರರಲ್ಲೂ ಹೆಣ್ಣುಮಕ್ಕಳ ಮೇಲಿನ ಹಿಂಸೆ ಇದೆ. ಆಲ್ಟ್‌ಮನ್ ಚಿತ್ರದ ಬಾಟಲಿ ದೃಶ್ಯ ತಟ್ಟನೆ ಬಂದು ಹೊಡೆಯುತ್ತದೆ. ‘ನೈಟ್ ಮೂವ್ಸ್’ನಲ್ಲಿ ಆ ಹುಡುಗಿಯನ್ನು ಕ್ಯಾಮೆರಾ ನೋಡುವ ರೀತಿ ಈಗ ಇರುಸುಮುರುಸು ತರುತ್ತದೆ. ಆ ಪಾತ್ರ ಮಾಡಿದ ಮೆಲನಿ ಗ್ರಿಫಿತ್ ಆಗಿನ್ನೂ ಹದಿಹರೆಯದವರು. ಪೊಲಾನ್‌ಸ್ಕಿಯಂತೂ ಅಪ್ರಾಪ್ತ ಬಾಲಕಿಯೊಬ್ಬಳ ಪ್ರಕರಣದಲ್ಲಿ 1977ರಲ್ಲಿ ತಪ್ಪೊಪ್ಪಿಕೊಂಡು, ಮರುವರ್ಷ ಶಿಕ್ಷೆಗೆ ಮೊದಲೇ ಅಮೆರಿಕ ಬಿಟ್ಟು ಓಡಿದವನು. ‘ಚೈನಾಟೌನ್’ ಕತೆ ಏನು ಎಂದು ಗೊತ್ತಾದ ಮೇಲೆ ಈ ವಿಷಯ ಮರೆತು ನೋಡುವುದು ನನಗೆ ಆಗಲಿಲ್ಲ. ನೋಡಬೇಡಿ ಎನ್ನುತ್ತಿಲ್ಲ, ಗೊತ್ತಿದ್ದು ನೋಡಿ.

ಹೀಗೆ ಪಕ್ಕಪಕ್ಕ ಇಟ್ಟಾಗ ಕಂಡದ್ದು ಇಷ್ಟು. ಗಿಟಿಸ್‌ನನ್ನು ಸೋಲಿಸಿದ್ದು ಊರು. ಮಾರ್ಲೋನನ್ನು ಸೋಲಿಸಿದ್ದು ಕಾಲ. ಹ್ಯಾರಿಯನ್ನು ಸೋಲಿಸಿದ್ದು ಹ್ಯಾರಿಯೇ. ಅದಕ್ಕೇ ಮೊದಲ ಎರಡನ್ನು ಮೆಚ್ಚಿದೆ, ಮೂರನೆಯದು ಬಿಡದೆ ಕಾಡಿತು.

ಆಮೇಲೆ ಬಂದವುಗಳಲ್ಲಿ ಅಲನ್ ಪಾರ್ಕರ್ ಅವರ ‘ಏಂಜೆಲ್ ಹಾರ್ಟ್’ (1987) ಇದೇ ಜಾಡಿನದು. ಮಿಕಿ ರೂರ್ಕ್ ಪತ್ತೇದಾರ, ಕತೆಯ ಕಾಲ 1955. ತನ್ನೊಳಗನ್ನೇ ಪತ್ತೆ ಹಚ್ಚುವವನ ಕತೆ ಎಂಬುದೇನೋ ನಿಜ, ಆದರೆ ಅದು ಭೂತ ಪ್ರೇತದ ಕಡೆಗೆ ಜಾರಿಬಿಡುತ್ತದೆ. ನಿಕೋಲ್ಸನ್ ತಾನೇ ನಿರ್ದೇಶಿಸಿದ ‘ಚೈನಾಟೌನ್’ ಮುಂದುವರಿಕೆ ‘ದಿ ಟೂ ಜೇಕ್ಸ್’ (1990) ಬಿಟ್ಟರೂ ನಷ್ಟವಿಲ್ಲ.

ಹೊಸಬರು ‘ಚೈನಾಟೌನ್’ನಿಂದಲೇ ಶುರು ಮಾಡಿ, ಅದು ಯಾರನ್ನೂ ದಾರಿ ತಪ್ಪಿಸುವುದಿಲ್ಲ. ‘ನೈಟ್ ಮೂವ್ಸ್’ ಎರಡನೆಯದಾಗಲಿ. ನೂರು ನಿಮಿಷದ ಆಸುಪಾಸು ಇರುವುದರಿಂದ ಮತ್ತೊಮ್ಮೆ ನೋಡುವುದೂ ಭಾರವಲ್ಲ. ‘ದಿ ಲಾಂಗ್ ಗುಡ್‌ಬೈ’ಯನ್ನು ಅವಸರವಿಲ್ಲದ ರಾತ್ರಿಗೆ ಇಟ್ಟುಕೊಳ್ಳಿ, ಕಿವಿಗೆ ಒಳ್ಳೆಯ ಹೆಡ್‌ಫೋನ್ ಇರಲಿ.